ಎರಡು ಬಗೆಯ ಹೆಜ್ಜೆ

ನನ್ನ ತಮ್ಮ ಗಾಲ್ಫ್ ಕ್ಲಬ್ಬಿನಲ್ಲಿ ಇಪ್ಪತ್ತೊಂಬತ್ತು ವರ್ಷ ಕ್ಯಾಡಿಯಾಗಿದ್ದ. ಆಡುವವರ ಚೀಲ ಹೊರುವುದು, ಎಲ್ಲಿಂದ ಯಾವ ಕೋಲಿನಲ್ಲಿ ಹೊಡೆಯಬೇಕೆಂದು ಹೇಳುವುದು ಅವನ ಕೆಲಸ. ಯಂತ್ರಗಳನ್ನಿಡುವ ಶೆಡ್ಡಿನ ಹಿಂದಿನ ಎರಡು ಕೋಣೆಗಳನ್ನು ಕ್ಲಬ್ಬಿನವರು ಅವನಿಗೆ ಕೊಟ್ಟಿದ್ದರು. ಅವನು ತೀರಿಕೊಂಡ ಮೇಲೆ ಹೆಂಡತಿ, ಮಗಳು ಅಲ್ಲೇ ಉಳಿಯಬೇಕಾದರೆ ಅವರಲ್ಲೊಬ್ಬರು ಕ್ಲಬ್ಬಿನ ಕೆಲಸದಲ್ಲಿರಬೇಕೆಂದು ನಿಯಮ. ಹೆಂಗಸರಿಗೆ ಆಟ ಕಲಿಸುವ ಹುದ್ದೆಯೊಂದು ಖಾಲಿ ಇತ್ತು. ಅಪ್ಪನಿಂದಲೇ ಆಟ ಕಲಿತಿದ್ದ ತಮ್ಮನ ಮಗಳೂ ಒಬ್ಬ ಡಾಕ್ಟರ ಸೊಸೆಯೂ ಅರ್ಜಿ ಹಾಕಿದ್ದರಿಂದ, ಪಂದ್ಯದಲ್ಲಿ ಕಡಿಮೆ ಹೊಡೆತಕ್ಕೆ ಮುಗಿಸಿ ಗೆದ್ದವರಿಗೆ ಕೊಡುವುದೆಂದು ಕಾರ್ಯದರ್ಶಿಗಳು ತೀರ್ಮಾನಿಸಿದರು.

ತಮ್ಮನ ಮಗಳನ್ನು ನಾವು ಕಡ್ಡಿ ಎಂದು ಕರೆಯುತ್ತೇವೆ. ಹುಟ್ಟಿದಾಗಿನಿಂದ ತೆಳ್ಳಗೆ. ಪಂದ್ಯದ ಹಿಂದಿನ ದಿನ ನನ್ನ ಅಂಗಡಿಗೆ ಬಂದಳು.

"ದೊಡ್ಡಪ್ಪ, ಚೀಲ ನೀವೇ ಹೊರಬೇಕು."

"ನಾನು ದರ್ಜಿ ಕಣಮ್ಮ. ನನ್ನ ಆಟ ಎಲ್ಲಾ ಸೂಜಿ ಕಣ್ಣಿನಲ್ಲೇ ಮುಗೀತು."

"ಅಪ್ಪನ ಪುಸ್ತಕ ಇದೆ. ಓದಿ ಹೇಳಿ, ಸಾಕು."

ಅಂಗೈಯಗಲದ ಪುಸ್ತಕ. ಮೈದಾನದ ಹದಿನೆಂಟು ಗುಳಿಗೂ ಒಂದೊಂದು ಪುಟ. ಇಂಥ ಮರದಿಂದ ಇಲ್ಲಿಗೆ ಇಷ್ಟು ಹೆಜ್ಜೆ, ಇಂಥ ಕಲ್ಲಿನಿಂದ ಅಲ್ಲಿಗೆ ಇಷ್ಟು ಹೆಜ್ಜೆ ಎಂದು ತಮ್ಮ ತಾನೇ ನಡೆದು ಬರೆದಿದ್ದ. ಅವನ ಒಂದು ಹೆಜ್ಜೆಯೆಂದರೆ ಸರಿಯಾಗಿ ಒಂದು ಗಜ. ನಾನು ಒಮ್ಮೆ ಟೇಪು ಹಿಡಿದು ನೋಡಿದ್ದೆ.

ಬೆಳಿಗ್ಗೆ ಪ್ರಾರ್ಥನೆ ಮುಗಿಸಿ ಚೀಲ ಹೊತ್ತೆ. ದೂರ ಅಳೆಯುವ ಯಂತ್ರಕ್ಕೆ ಪಂದ್ಯದಲ್ಲಿ ಅವಕಾಶವಿರಲಿಲ್ಲ. ಹದಿನಾಲ್ಕನೆಯ ಗುಳಿಯವರೆಗೆ ಪುಸ್ತಕ ಹೇಳಿದಂತೆ ನಾನು ಹೇಳಿದೆ, ನಾನು ಹೇಳಿದಂತೆ ಅವಳು ಹೊಡೆದಳು. ತೊಂದರೆಯಾಗಲಿಲ್ಲ. ಹದಿನೈದರಲ್ಲಿ ನೂರ ಐವತ್ತು ಹೆಜ್ಜೆ ಎಂದಿತ್ತು. ಅವಳು ಅಷ್ಟಕ್ಕೇ ಹೊಡೆದಳು. ಚೆಂಡು ಗುಳಿಯನ್ನು ದಾಟಿ ಹಿಂದಿನ ಪೊದೆಯೊಳಗೆ ಹೋಯಿತು. ಹುಡುಕಲು ಬಹಳ ಹೊತ್ತಾಯಿತು. ಇನ್ನೊಮ್ಮೆ ತಡಮಾಡಿದರೆ ದಂಡವಾಗಿ ಒಂದು ಹೊಡೆತ ಸೇರಿಸುತ್ತೇನೆಂದು ತೀರ್ಪುಗಾರರು ಎಚ್ಚರಿಸಿದರು.

ಕಡ್ಡಿ ತಲೆಯ ಮೇಲೆ ಕೈ ಇಟ್ಟುಕೊಂಡಳು. "ಮಂಡಿ ಆಪರೇಷನ್ ಆದ ಮೇಲೆ ಅಪ್ಪ ಕೆಲವು ಪುಟ ಹೊಸದಾಗಿ ಬರೆದಿದ್ರು. ಆಮೇಲೆ ಅವರ ಹೆಜ್ಜೆ ಗಿಡ್ಡ ಆಗಿತ್ತಲ್ಲ!"

ಅವನು ಕುಂಟುತ್ತಿದ್ದುದನ್ನು ನಾನು ಮೂರು ವರ್ಷ ದಿನವೂ ಕಂಡಿದ್ದೆ. ಅವನ ಪ್ಯಾಂಟಿನ ಒಂದು ಕಾಲನ್ನು ಅರ್ಧ ಇಂಚು ಮೇಲಕ್ಕೆ ಮಡಿಸಿ ಹೊಲಿದವನೂ ನಾನೇ. ಆದರೂ ಪುಸ್ತಕ ಓದುವಾಗ ನನ್ನ ಕಣ್ಣ ಮುಂದೆ ನಡೆಯುತ್ತಿದ್ದವನು ಹಳೆಯ ತಮ್ಮ.

ಹದಿನಾರರಲ್ಲೂ ಗಿಡ್ಡ ಹೆಜ್ಜೆಯೆಂದುಕೊಂಡು ಹತ್ತಕ್ಕೆ ಒಂದರಂತೆ ಕಳೆದು ಹೇಳಿದೆ. ಚೆಂಡು ಮರಳಿನ ಗುಂಡಿಗೂ ಈಚೆಗೆ ಬಿತ್ತು. ಅದು ಹಳೆಯ ಪುಟ. ಶಾಯಿ ಒಂದೇ, ಅಕ್ಷರ ಒಂದೇ, ತಾರೀಖಿಲ್ಲ. ಯಾವುದು ಯಾವ ಕಾಲಿನ ಅಳತೆಯೆಂದು ಹೇಳಬಲ್ಲವನು ಮಣ್ಣಿಗೆ ಹೋಗಿದ್ದ.

ಹದಿನೇಳು ಚಿಕ್ಕದು, ಕಣ್ಣಳತೆಯಲ್ಲೇ ಮುಗಿಯಿತು. ಕೊನೆಯದು ದೊಡ್ಡದು, ಗುಳಿಯ ಮುಂದೆ ಕೆರೆ. ಐದು ಹೊಡೆತಕ್ಕೆ ಮುಗಿಸಿದರೆ ಕೆಲಸ ಕಡ್ಡಿಗೆ. ಆರಾದರೆ, ಆಗಲೇ ಆಟ ಮುಗಿಸಿ ವರಾಂಡದಲ್ಲಿ ಕುಳಿತಿದ್ದ ಡಾಕ್ಟರ ಸೊಸೆಗೆ. ಮೊದಲ ಹೊಡೆತ ಚೆನ್ನಾಗಿಯೇ ಹೋಗಿ ಒಂಟಿಮರದ ಪಕ್ಕ ನಿಂತಿತು.

"ಉದ್ದದ ಕೋಲು ಕೊಡಿ," ಎಂದಳು ಕಡ್ಡಿ.

"ಎಷ್ಟು ಹೋಗುತ್ತೆ?"

"ಸರಿಯಾಗಿ ಸಿಕ್ಕಿದರೆ ಇನ್ನೂರು ಗಜ."

ಪುಸ್ತಕ ನೋಡಿದೆ. "ಮರದಿಂದ ಆಚೆ ದಡಕ್ಕೆ ಇನ್ನೂರ ಹದಿನೈದು ಹೆಜ್ಜೆ."

"ಸಣ್ಣ ಹೆಜ್ಜೆ ಆದರೆ ನೂರ ತೊಂಬತ್ತಮೂರೇ ಗಜ. ದಾಟುತ್ತೆ!"

"ದೊಡ್ಡ ಹೆಜ್ಜೆ ಆಗಿದ್ದರೆ?"

"ನೀರಲ್ಲಿ ಹೋಮ."

ವರಾಂಡದಿಂದ ಯಾರೋ ಕೂಗಿದರು: "ಹೊಡಿಯಮ್ಮಾ, ಒಂದೇ ಏಟಿಗೆ ದಾಟಿಸು!"

ನಡೆದು ಅಳೆಯಲು ಹೊತ್ತಿರಲಿಲ್ಲ. ತೀರ್ಪುಗಾರರು ಗಡಿಯಾರ ನೋಡುತ್ತಿದ್ದರು. ನನಗೆ ಆ ಆಟ ತಿಳಿಯದು. ಅಳತೆ ಖಾತ್ರಿಯಿಲ್ಲದ ಬಟ್ಟೆ ನನ್ನ ಮೇಜಿಗೆ ನಲವತ್ತು ವರ್ಷ ಬಂದಿದೆ.

"ಕೆರೆಯ ಈಚೆ ದಡ ನೂರ ಎಪ್ಪತ್ತು ಅಂತ ಬರೆದಿದ್ದಾನೆ. ಕಳೆದರೆ ನೂರ ಐವತ್ತಮೂರು. ಅದಕ್ಕೂ ಈಚೆಗೇ ನಿಲ್ಲೋ ಕೋಲು ಯಾವುದು?"

"ಎಂಟನೇ ನಂಬರು. ನೂರ ಮೂವತ್ತು ಹೋಗುತ್ತೆ. ಅದನ್ನ ಹೊಡೆದರೆ ನಗ್ತಾರೆ ದೊಡ್ಡಪ್ಪ."

"ಅನುಮಾನ ಇದ್ದರೆ ಬಟ್ಟೆ ಒಳಗೆ ಮಡಿಸಿಬಿಡಬೇಕು. ಬಿಟ್ಟಿದ್ದನ್ನ ಆಮೇಲೆ ಕತ್ತರಿಸಬಹುದು. ಕತ್ತರಿಸಿದ್ದನ್ನ ಏನು ಮಾಡ್ತೀಯ?"

"ಎಲ್ಲರೂ ನೋಡ್ತಿದ್ದಾರೆ."

"ನೋಡಲಿ. ನಾಳೆ ಮನೆ ಖಾಲಿ ಮಾಡೋವಾಗ ಪಾತ್ರೆ ಹೊರೋಕೆ ಅವರ‍್ಯಾರೂ ಬರಲ್ಲ."

ಅವಳು ವರಾಂಡದ ಕಡೆಗೊಮ್ಮೆ, ಕೆರೆಯ ಕಡೆಗೊಮ್ಮೆ ನೋಡಿದಳು. ಆಮೇಲೆ ಕೈ ನೀಡಿದಳು. ಎಂಟನೇ ನಂಬರಿನ ಕೋಲು ಕೊಟ್ಟೆ.

ಚೆಂಡು ಹುಲ್ಲಿನ ನಡುವೆ, ನೀರಿಗೆ ಸಾಕಷ್ಟು ಈಚೆಗೆ ನಿಂತಿತು. ವರಾಂಡದಲ್ಲಿ ನಕ್ಕರು. ಅಲ್ಲಿಂದ ಗುಳಿಯ ಬಾವುಟ ಸ್ಪಷ್ಟವಾಗಿ ಕಾಣುತ್ತಿತ್ತು. ಪುಸ್ತಕ ಬೇಕಾಗಲಿಲ್ಲ. ಮೂರನೆಯ ಹೊಡೆತ ಕೆರೆ ದಾಟಿ ಗುಳಿಯ ಸುತ್ತಲಿನ ನುಣ್ಣನೆಯ ಹುಲ್ಲಿನ ಅಂಚಿನಲ್ಲಿ ಬಿತ್ತು. ನಾಲ್ಕನೆಯದು ಗುಳಿಗೆ ಎರಡು ಮೊಳ ಈಚೆಗೆ ನಿಂತಿತು. ನಾನು ಕಣ್ಣು ಮುಚ್ಚಿ ಭಗವಂತನ ಹೆಸರು ಹೇಳಿಕೊಂಡೆ. ಚೆಂಡು ಗುಳಿಗೆ ಬಿದ್ದ ಸದ್ದು ಕೇಳಿ ಕಣ್ಣು ಬಿಟ್ಟೆ.

ವರಾಂಡದ ಮೆಟ್ಟಿಲಲ್ಲಿ ಮುದುಕ ಸದಸ್ಯರೊಬ್ಬರು ಅಡ್ಡ ಬಂದರು. "ಏನಮ್ಮ, ನೀರು ನೋಡಿ ಹೆದರಿಬಿಟ್ಟೆ?"

"ನನಗೆ ಈಜು ಬರಲ್ಲ ಸಾರ್," ಎಂದಳು.

ಕಾರ್ಯದರ್ಶಿಗಳು ಹೊಡೆತಗಳ ಲೆಕ್ಕದ ಚೀಟಿಗೆ ಸಹಿ ಹಾಕಿಸಿಕೊಂಡು, ಸೋಮವಾರ ಏಳು ಗಂಟೆಗೆ ಕೆಲಸಕ್ಕೆ ಬರಬೇಕೆಂದರು. ಕೋಣೆಗಳ ಮಾತನ್ನು ಅವರೇ ಎತ್ತಿದರು: "ಇರಿ, ಅಲ್ಲೇ ಇರಿ. ಕಿಟಕಿ ರಿಪೇರಿ ಮಾಡಿಸೋಣ."

ಶೆಡ್ಡಿನ ಕಡೆ ಹೋಗುವಾಗ ಕಡ್ಡಿ ಕೇಳಿದಳು: "ಅಪ್ಪ ಇದ್ದಿದ್ದರೆ ಏನು ಹೇಳ್ತಿದ್ರು?"

ಸತ್ತವನ ಹೆಸರಿನಲ್ಲಿ ಸುಳ್ಳು ಹೇಳಲು ನನಗೆ ಮನಸ್ಸು ಬರಲಿಲ್ಲ. "ದಾಟಿಸು ಅಂತಿದ್ದ."

"ಹೌದು," ಎಂದಳು. "ಅವರಿಗೆ ಚೆಂಡು ಹಾರೋದು ನೋಡಬೇಕಿತ್ತು, ಅಷ್ಟೇ."

ಅವಳ ಅಮ್ಮ ಬಾಗಿಲಲ್ಲಿ ನಿಂತಿದ್ದಳು. ಸುದ್ದಿ ಹೇಳಲು ಕಡ್ಡಿ ಮುಂದೆ ಓಡಿದಳು. ನಾನು ಚೀಲ ಹೊತ್ತು ನಿಧಾನವಾಗಿ ಹಿಂದೆ ಹೋದೆ.