ಸರ್ಕಾರದ ಸಿಕ್ಕಾ ಇಲ್ಲದ ಹಾಳೆ

ಮೂವತ್ತೊಂದು ವರ್ಷ ಕಂದಾಯ ಇಲಾಖೆಯಲ್ಲಿ ಗುಮಾಸ್ತೆಯಾಗಿ ದುಡಿದವಳು ನಾನು. ಹಳಿಯಾಳದ ಕಚೇರಿಯಲ್ಲಿ ಶುರು ಮಾಡಿ, ದಾಂಡೇಲಿ ಬೇರೆ ತಾಲೂಕು ಆದಮೇಲೆ ಇಲ್ಲಿಯೇ ನಿವೃತ್ತಳಾದೆ. ಯಾವುದೇ ಕಾಗದ ಕೈಗೆ ಬಂದರೂ ನಾನು ಮೊದಲು ನೋಡುವುದು ಅದರ ಸಿಕ್ಕಾ, ಕಚೇರಿಯ ಮೊಹರು. ಸಿಕ್ಕಾ ಇದ್ದರೆ ಓದುತ್ತೇನೆ, ಇಲ್ಲದಿದ್ದರೆ ಪಕ್ಕಕ್ಕಿಡುತ್ತೇನೆ. ನಮ್ಮ ಓಣಿಯಲ್ಲಿ ರೇಷನ್ ಕಾರ್ಡಿನಿಂದ ಹಿಡಿದು ಕೋರ್ಟ್ ನೋಟಿಸಿನ ತನಕ ಎಲ್ಲವನ್ನೂ ಓದಿ ಅರ್ಥ ಹೇಳುವವಳು ನಾನೇ, ಎಲ್ಲರಿಗೂ ನಾನು ಬಾಯರು. ಅದರ ಸೊಕ್ಕು ನನಗೆ ಸಾಕಷ್ಟು ಇತ್ತು.

ಪಕ್ಕದ ಮನೆಯ ಖತೀಜಾಬಿಯ ಗಂಡ ಪೇಪರ್ ಮಿಲ್ಲಿನಲ್ಲಿದ್ದು ತೀರಿಕೊಂಡವನು. ಒಬ್ಬನೇ ಮಗ ಆಕಿಬ. ಇಲ್ಲಿ ಫ್ರಿಜ್ಜು, ಕಂಪ್ರೆಸರ್ ರಿಪೇರಿ ಕಲಿತು, ಎರಡು ವರ್ಷದ ಹಿಂದೆ ಇಂಡೋನೇಷ್ಯಾದ ಬಾಲಿ ದ್ವೀಪಕ್ಕೆ ಹೋದ. ದ್ವೀಪದ ಪಶ್ಚಿಮಕ್ಕಿರುವ ಜೆಂಬ್ರಾನಾ ಜಿಲ್ಲೆಯ ಒಂದು ಕಡಲತೀರದ ಹಳ್ಳಿಯಲ್ಲಿ ಮೀನುದೋಣಿಗಳಿಗೆ ಮಂಜುಗಡ್ಡೆ ಮಾಡುವ ಕಾರ್ಖಾನೆಯಲ್ಲಿ ಅವನ ಕೆಲಸ. ಹೆಂಡತಿ ಆಸಿಫಾ ಮುಂಡಗೋಡದ ಸನವಳ್ಳಿಯವಳು, ಈ ಮಾರ್ಚಿಗೆ ಎಂಟು ತಿಂಗಳ ಬಸುರಿ. ಏಳರಲ್ಲಿ ತವರಿಗೆ ಕರೆಸಿಕೊಳ್ಳಬೇಕೆಂದಿದ್ದರು. ರಕ್ತದೊತ್ತಡ ಏರಿದೆ, ವಿಮಾನ ಬೇಡ ಎಂದು ಅಲ್ಲಿಯ ಡಾಕ್ಟರು ತಡೆದರು.

ರಮಜಾನ್ ಮುಗಿಯಲು ಎರಡು ದಿನ ಇತ್ತು. ಆ ಬೆಳಿಗ್ಗೆ ಖತೀಜಾಬಿ ಫೋನ್ ಹಿಡಿದುಕೊಂಡು ಬಂದಳು. ಬಾಲಿಯ ಹಿಂದೂಗಳ ಹೊಸ ವರ್ಷ ಮರುದಿನವಂತೆ. ಅದಕ್ಕೆ ನ್ಯೆಪಿ ಎನ್ನುತ್ತಾರೆ, ಅಂದರೆ ಮೌನದ ದಿನ. ಆಕಿಬನ ಮನೆ ಬಾಗಿಲಿಗೆ ಎರಡು ಹಾಳೆ ಹಚ್ಚಿ ಹೋಗಿದ್ದರು. ಅವನು ಅವುಗಳ ಫೋಟೊ ಕಳಿಸಿದ್ದ, ಫೋನಿನಲ್ಲೇ ಅನುವಾದ ಮಾಡಿಸಿ.

"ಬಾಯರ, ಇದೇನ ಬರದಾರ ನೋಡ್ರಿ. ಹುಡುಗ ಗಾಬರಿ ಆಗ್ಯಾನ."

ಮೊದಲ ಹಾಳೆಯ ಮೇಲೆ ಜಿಲ್ಲಾಡಳಿತದ ಲಾಂಛನ ಇತ್ತು, ಕೆಳಗೆ ದುಂಡನೆಯ ಸಿಕ್ಕಾ. ಬೆಳಿಗ್ಗೆ ಆರರಿಂದ ಮರುದಿನ ಆರರವರೆಗೆ ಯಾರೂ ಹೊರಗೆ ಬರಬಾರದು, ದೀಪ ಹಚ್ಚಬಾರದು, ಗಾಡಿ ಓಡಿಸಬಾರದು, ಸದ್ದು ಮಾಡಬಾರದು. ಮೊಬೈಲ್ ಇಂಟರ್ನೆಟ್ ಬಂದ್, ವಿಮಾನ ನಿಲ್ದಾಣವೂ ಬಂದ್. ಎರಡನೇ ಹಾಳೆಯಲ್ಲಿ ಸರ್ಕಾರದ ಲಾಂಛನವೇ ಇರಲಿಲ್ಲ. ಯಾವುದೋ 'ದೇಸಾ ಆದತ್' ಎಂಬ ಹೆಸರು, ದೇವಸ್ಥಾನದ ಬಾಗಿಲಿನ ಚಿತ್ರ, ಸಣ್ಣ ಅಕ್ಷರದಲ್ಲಿ ತುಂಬಿದ ಬರಹ.

"ಇದು ಊರ ಹಿರ್ಯಾರ ಕಮಿಟಿ ಕಾಗದ, ಇದಕ್ಕೇನ ಕಿಮ್ಮತ್ತಿಲ್ಲ ಬಿಡು," ಎಂದೆ. "ಮೊದಲನೇದು ಖರೇ ಆರ್ಡರ್. ನಮ್ಮ ಕಡೆ ಒಂದ್‌ನೂರಾ ನಲವತ್ನಾಕ ಹಾಕ್ತಾರಲ್ಲ, ಅದಕ್ಕಿಂತ ಗಟ್ಟಿ. ಕರ್ಫ್ಯೂ ಅಂತ ತಿಳ್ಕೊ."

ಕರ್ಫ್ಯೂ ಎಂದದ್ದೇ ತಡ, ಅವಳ ಮುಖ ಬಿಳಿಚಿಕೊಂಡಿತು. ಸಣ್ಣವಳಿದ್ದಾಗ ಅವಳ ತವರೂರಲ್ಲಿ ಕರ್ಫ್ಯೂ ಬಿದ್ದಿತ್ತಂತೆ. ಹಾಲು ತರಲು ಹೋದ ಅವಳ ಕಾಕಾ ಕಾಲು ಮುರಿಸಿಕೊಂಡು ಬಂದಿದ್ದ. ಈ ಕಥೆಯನ್ನು ನಾನು ಇಪ್ಪತ್ತು ಸಲ ಕೇಳಿದ್ದೇನೆ. ಅವಳು ನನ್ನೆದುರೇ ಮಗನಿಗೆ ಫೋನ್ ಹಚ್ಚಿದಳು. ಬಾಗಿಲಿಗೆ ಒಳಗಿಂದ ಅಗಳಿ ಹಾಕು, ಯಾರು ಬಡಿದರೂ ತೆಗೆಯಬೇಡ, ಪರದೇಶದವನೆಂದು ಮೊದಲು ನಿನ್ನನ್ನೇ ಹಿಡಿಯುತ್ತಾರೆ, ಫೋನು ಕೂಡ ಬಂದ್ ಮಾಡು, ರಿಂಗ್ ಹೊರಗೆ ಕೇಳಬಾರದು ಎಂದು ಒಂದೇ ಉಸಿರಿಗೆ ಹೇಳಿದಳು. ಅವನು ಆಯ್ತಮ್ಮಿ, ಆಯ್ತಮ್ಮಿ ಎಂದ. ಹಿಂದಿನಿಂದ ಆಸಿಫಾ ಏನೋ ಅಂದಳು. ಕಾಲು ಬಾತಿವೆ, ತಲೆ ಸಿಡಿಯುತ್ತಿದೆ ಎಂದಿರಬೇಕು. ಎಂಟರಲ್ಲಿ ಅದೆಲ್ಲ ಇದ್ದದ್ದೇ ಎಂದು ಖತೀಜಾಬಿ ಸಮಾಧಾನ ಹೇಳಿದಳು. ನಾನು ಪಕ್ಕದಲ್ಲಿ ಕುಳಿತು ಹೌದೆಂದು ತಲೆಯಾಡಿಸಿದೆ.

ಮರುದಿನ ಬೆಳಕು ಹರಿಯುವ ಮುಂಚೆ ನನ್ನ ಬಾಗಿಲು ಬಡಿದ ಸದ್ದಾಯಿತು. ಮಿಲ್ಲಿನ ಮೊದಲ ಪಾಳಿಯವರು ಸೈಕಲ್ಲು, ಬೈಕು ಹತ್ತಿ ಹೊರಡುತ್ತಿದ್ದ ಹೊತ್ತು. ಖತೀಜಾಬಿ ಬರಿಗಾಲಲ್ಲಿ ನಿಂತಿದ್ದಳು, ದುಪಟ್ಟಾ ಒಂದು ಕಡೆ ಜಾರಿತ್ತು. ಉಪವಾಸ ಹಿಡಿಯುವ ಮುಂಚಿನ ಸಹರಿ ಊಟ ಮಾಡಿ ಫೋನ್ ನೋಡಿದ್ದಾಳೆ. ಅಲ್ಲಿ ಆರು, ನಮ್ಮಲ್ಲಿ ಮೂರೂವರೆ ಹೊಡೆಯುವ ಸ್ವಲ್ಪ ಮೊದಲು ಆಕಿಬ ಕಳಿಸಿದ ಸಂದೇಶ ಬಂದಿತ್ತು.

'ಅಮ್ಮಿ, ಆಸಿಫಾಗ ನೀರು ಹೋಗಾಕತ್ತೈತಿ. ಬ್ಯಾನಿ ಸುರು ಆಗೇತಿ. ಹೊರಗ ಹೋಗಬ್ಯಾಡ ಅಂದೀರಿ. ಏನ್ ಮಾಡ್ಲಿ? ಫೋನ್ ಬಂದ್ ಮಾಡಾಕತ್ತೇನಿ.'

ನಾನು ಅದನ್ನು ಮೂರು ಸಲ ಓದಿದೆ. ಎಂಟು ತಿಂಗಳು, ಏರಿದ ರಕ್ತದೊತ್ತಡ, ನೀರು ಹೋಗುತ್ತಿದೆ, ಬಾಗಿಲಿಗೆ ಒಳಗಿಂದ ಅಗಳಿ. ಇನ್ನು ಇಪ್ಪತ್ತನಾಲ್ಕು ತಾಸು ಅವನು ಆ ಅಗಳಿ ತೆಗೆಯುವುದಿಲ್ಲ. ತಾಯಿಯ ಮಾತು ಮೀರುವ ಹುಡುಗ ಅಲ್ಲ ಅವನು. ಮೀರಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ಆ ಕ್ಷಣ ನನಗೆ ಅನ್ನಿಸಿತು.

"ಹೊರಗ ಬಂದ್ರ ಹೊಡೀತಾರೇನ್ರಿ ಬಾಯರ? ಬಸುರಿಗೂ ಹೊಡೀತಾರೇನ್ರಿ?"

ನಿನ್ನೆ ಎಲ್ಲ ಗೊತ್ತಿದ್ದವಳ ಹಾಗೆ ಮಾತನಾಡಿದ್ದೆ. ಅವಳ ಫೋನ್ ಕಸಿದುಕೊಂಡು ಆ ಎರಡನೇ ಹಾಳೆಯನ್ನು ತೆರೆದೆ. ಕನ್ನಡಕ ಏರಿಸಿ ಮೊದಲಿಂದ ಓದಿದೆ. ದೇಸಾ ಆದತ್ ಎಂದರೆ ಏನೆಂದು ಇಂಟರ್ನೆಟ್ಟಿನಲ್ಲಿ ಹುಡುಕಿದೆ.

ಬಾಲಿಯ ಹಳ್ಳಿಯಲ್ಲಿ ಸರ್ಕಾರ ಎರಡಿವೆ. ಒಂದು ನಮ್ಮ ಪಂಚಾಯಿತಿ, ತಾಲೂಕು, ಜಿಲ್ಲೆಯ ಹಾಗೆ. ಜೆಂಬ್ರಾನಾ ಜಿಲ್ಲೆಗೆ ಐದು ತಾಲೂಕು, ನೆಗಾರಾ ಎಂಬುದು ಜಿಲ್ಲಾ ಕೇಂದ್ರ, ಬುಪಾತಿ ಎಂಬ ಚುನಾಯಿತ ಮುಖ್ಯಸ್ಥ. ಇನ್ನೊಂದು ಊರಿನದೇ ಸಂಪ್ರದಾಯದ ಆಡಳಿತ, ಅದೇ ದೇಸಾ ಆದತ್. ಅಲ್ಲಿ ರಾಜರಿದ್ದರು. ಅವರ ಕಾಲದಲ್ಲೇ ಹಡಗಿನಲ್ಲಿ ಬಂದ ಬುಗಿಸ್ ಎಂಬ ಕಡಲಿಗರ ಪಂಗಡದ ಮುಸ್ಲಿಮರು ನದಿದಡದಲ್ಲಿ ನೆಲೆ ನಿಂತರು, ಅವರ ಮೊಹಲ್ಲಾ ಇಂದಿಗೂ ಇದೆ. ಆಮೇಲೆ ಡಚ್ಚರು ಬಂದರು, ರಾಜನ ಅಧಿಕಾರ ಕಿತ್ತುಕೊಂಡರು. ಜಪಾನಿಯರು ಬಂದುಹೋದರು. ಗಣರಾಜ್ಯ ಬಂತು. ಇಷ್ಟೆಲ್ಲ ಸಿಕ್ಕಾಗಳು ಬದಲಾದರೂ ಊರ ಸಂಪ್ರದಾಯದ ಆಡಳಿತ ಅಳಿಯಲಿಲ್ಲ. ಮೌನದ ದಿನ ಬೀದಿಯಲ್ಲಿ ಗಸ್ತು ತಿರುಗುವವರು ಪೊಲೀಸರಿಗಿಂತ ಹೆಚ್ಚಾಗಿ ಅದರ ಕಾವಲುಗಾರರು. ಪೆಚಲಾಂಗ್ ಎನ್ನುತ್ತಾರೆ, ಸೊಂಟಕ್ಕೆ ಚೌಕಳಿ ಬಟ್ಟೆ ಸುತ್ತಿಕೊಂಡಿರುತ್ತಾರೆ. ಆ ದಿನ ಆ ಹಳ್ಳಿಯಲ್ಲಿ ನಿಜವಾಗಿ ನಡೆಯುವುದು ನಾನು ಪಕ್ಕಕ್ಕಿಟ್ಟ ಹಾಳೆಯ ಮಾತು.

ಅದರ ಆರನೇ ಕಲಮು ಹೀಗಿತ್ತು. ರೋಗಿಗಳು, ಹೆರಿಗೆಯವರು ಭಯಪಡಬೇಕಿಲ್ಲ. ಕಾವಲುಗಾರರು ಮನೆ ಮುಂದೆ ಬಂದು ಬಾಗಿಲು ತಟ್ಟಿ ವಿಚಾರಿಸುತ್ತಾರೆ. ಅವರಿಗೆ ಹೇಳಿದರೆ ಅವರೇ ಗಾಡಿ ತಂದು ಆಸ್ಪತ್ರೆಗೆ ಒಯ್ಯುತ್ತಾರೆ. ಯಾವ ಧರ್ಮದವರಾದರೂ ಸರಿ, ಯಾವ ದೇಶದವರಾದರೂ ಸರಿ.

ನಾನು ಫೋನನ್ನು ಮಂಚದ ಮೇಲೆ ಇಟ್ಟೆ. ಹೇಳದೆ ಇರಬಹುದಿತ್ತು. ಒಂದು ನಿಮಿಷ ಹಾಗೆಯೇ ಯೋಚಿಸಿದೆ, ನಾಚಿಕೆಯಾಗುತ್ತದೆ.

"ಖತೀಜಾಬಿ, ತಪ್ಪ ನನ್ನಿಂದ ಆಗೇತಿ. ಬಾಗಿಲಾ ಬಡಿಯಾವ್ರು ಕರ್ಕೊಂಡ ಹೋಗಾಕ ಬರಾವ್ರು. ದವಾಖಾನಿಗಿ."

ಅವಳು ಬಯ್ಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. "ಹಂಗಾರ ಅವಗ ಹೇಳ್ರಿ ಬಾಯರ," ಎಂದಳು, ನಾನು ಎದ್ದು ಹೋಗಿ ಆ ಕಡೆಯ ಓಣಿಯಲ್ಲಿ ಹೇಳಿ ಬರಬಹುದು ಎನ್ನುವಷ್ಟು ಸಹಜವಾಗಿ.

ಒಂಬತ್ತಕ್ಕೆ ಬಸ್ ಸ್ಟ್ಯಾಂಡಿನ ಮೊಬೈಲ್ ಅಂಗಡಿ ತೆರೆಯುವವರೆಗೆ ನಾವು ಅದರ ಕಟ್ಟೆಯ ಮೇಲೆ ಕುಳಿತಿದ್ದೆವು. ಅಲ್ಲಿ ಇಂಟರ್ನೆಟ್ ಬಂದ್ ಇದ್ದದ್ದರಿಂದ ಹೊರದೇಶಕ್ಕೆ ಸಾದಾ ಕರೆ ಮಾಡುವ ರಿಚಾರ್ಜ್ ಹಾಕಿಸಿದೆ. ಆಕಿಬನ ನಂಬರು ಬಂದ್ ಆಗಿತ್ತು. ಬಂದ್ ಮಾಡು ಎಂದವರು ನಾವೇ. ಕಾರ್ಖಾನೆಯ ನಂಬರಿಗೆ ಹಚ್ಚಿದೆ, ರಿಂಗಾಗಿ ರಿಂಗಾಗಿ ನಿಂತಿತು. ನೆಗಾರಾದ ಜಿಲ್ಲಾ ಕಚೇರಿಯ ನಂಬರು ಹುಡುಕಿ ಹಚ್ಚಿದೆ. ಯಾರೂ ಎತ್ತಲಿಲ್ಲ, ಇಡೀ ದ್ವೀಪವೇ ಬಾಗಿಲು ಹಾಕಿಕೊಂಡ ದಿನ ಯಾರು ಎತ್ತಬೇಕು? ಖತೀಜಾಬಿ ಪ್ರತಿ ಸಲವೂ ನನ್ನ ಮುಖವನ್ನೇ ನೋಡುತ್ತಿದ್ದಳು. ನಾನು ತಲೆ ಅಲ್ಲಾಡಿಸುವುದನ್ನು ನೋಡಿ ಮತ್ತೆ ನೆಲ ನೋಡುತ್ತಿದ್ದಳು.

ಮನೆಗೆ ಬಂದು ಅವಳು ನಮಾಜಿನ ಚಾಪೆ ಹಾಸಿ ಕುಳಿತಳು. ನಾನು ನನ್ನ ಯಲ್ಲಮ್ಮನಿಗೆ ಹರಕೆ ಹೊತ್ತೆ. ಹನ್ನೊಂದಾಯಿತು. ಹನ್ನೆರಡಾಯಿತು. ಬೇನೆ ಶುರುವಾಗಿ ಎಂಟು ತಾಸಿನ ಮೇಲಾಗಿತ್ತು. ನನ್ನ ಚೊಚ್ಚಲ ಹೆರಿಗೆ ಹದಿನಾಲ್ಕು ತಾಸು ಹಿಡಿದಿತ್ತು, ಆಗ ನನ್ನ ಸುತ್ತ ನಾಲ್ಕು ಹೆಂಗಸರಿದ್ದರು. ಆ ಹುಡುಗಿಯ ಹತ್ತಿರ ಕಂಪ್ರೆಸರ್ ಬಿಚ್ಚಲು ಬಲ್ಲ ಒಬ್ಬ ಗಂಡಸು ಇದ್ದ, ಅಷ್ಟೇ. ದೀಪ ಹಚ್ಚಬಾರದು, ಸದ್ದು ಮಾಡಬಾರದು. ಹೆರಿಗೆಯ ಬೇನೆಯನ್ನು ಸದ್ದಿಲ್ಲದೆ ತಿನ್ನುವುದು ಹೇಗೆ? ಅದನ್ನು ಯೋಚಿಸಬಾರದೆಂದು ಎದ್ದು ನೀರು ಕುಡಿದೆ. ಉಪವಾಸವಿದ್ದವಳ ಎದುರು ಕುಡಿದೆನಲ್ಲ ಎಂದು ಅದಕ್ಕೂ ಬೇಜಾರಾಯಿತು.

"ಸನವಳ್ಳಿಗೆ ತಿಳಸೂಣೇನು?" ಎಂದು ಕೇಳಿದೆ.

"ಏನಂತ ತಿಳಸೂಣ್ರಿ? ನಿಮ್ಮ ಮಗಳ್ನ ಕ್ವಾಣ್ಯಾಗ ಹಾಕಿ ಅಗಳಿ ಹಾಕಿಸೇನಿ ಅಂತೇನು?"

ಹೊರಗೆ ಯಾರದೋ ಆಟೋ ನಿಂತರೆ ಇಬ್ಬರೂ ಬೆಚ್ಚಿಬೀಳುತ್ತಿದ್ದೆವು. ಸುದ್ದಿ ಆಟೋದಲ್ಲಿ ಬರುವುದಿಲ್ಲ ಎಂದು ತಿಳಿದಿದ್ದರೂ ಬೆಚ್ಚುತ್ತಿದ್ದೆವು. ಎರಡು ಗಂಟೆಯ ಮೇಲೆ ಖತೀಜಾಬಿ ಪ್ರಾರ್ಥನೆಯ ಮಧ್ಯದಲ್ಲೇ ತಡೆದು ಕುಳಿತಳು. ಮುಂದಿನ ಮಾತು ಮರೆತಿದ್ದಳು. ಐವತ್ತು ವರ್ಷ ಹೇಳಿದ ಮಾತು.

ಇಳಿಹೊತ್ತಿನ ಅಸರ್ ನಮಾಜಿನ ಅಜಾನ್ ಆಗುವ ಸ್ವಲ್ಪ ಮುಂಚೆ ಅವಳ ಫೋನ್ ಬಡಿಯಿತು. ಗುರುತಿಲ್ಲದ ಉದ್ದ ನಂಬರು. ಅವಳು ಅದನ್ನು ನನ್ನ ಕಡೆ ಚಾಚಿದಳು, ನಾನೇ ಒತ್ತಿ ಸ್ಪೀಕರ್ ಹಾಕಿದೆ.

"ಅಮ್ಮಿ." ಆಕಿಬನ ದನಿ, ಒಡೆದು ಹೋಗಿತ್ತು. "ಕಾವಲಿನವರ ಫೋನಿಂದ ಮಾಡಾಕತ್ತೇನಿ. ದವಾಖಾನ್ಯಾಗ ಅದೀವಿ. ಹೆಣ್ಣ ಹುಟ್ಟೇತಿ."

ಖತೀಜಾಬಿ ಬಾಯಿಗೆ ದುಪಟ್ಟಾ ಒತ್ತಿಕೊಂಡಳು. ನಾನು ಕೇಳಿದೆ, "ಆಸಿಫಾ ಹೆಂಗದಾಳೋ?"

"ಅದಾಳ್ರಿ ಬಾಯರ. ರಕ್ತಾ ಭಾಳ ಹೋಗೇತಿ, ಬಾಟ್ಲಿ ಹಚ್ಚ್ಯಾರ. ಕೂಸು ಸಣ್ಣದೈತಿ, ಗಾಜಿನ ಪೆಟ್ಟಿಗ್ಯಾಗ ಇಟ್ಟಾರ. ಇನ್ನೊಂದ ತಾಸ ತಡಾ ಆಗಿದ್ರ ಇಬ್ರೂ ಇರತಿದ್ದಿಲ್ಲಂತ."

ಆಮೇಲೆ ಯಾರೂ ಕೇಳದೆ ತಾನೇ ಹೇಳತೊಡಗಿದ.

"ಅವರು ಮೂರ ಸಲ ಬಂದ್ರು ಅಮ್ಮಿ. ಮನಿ ಮಾಲಕರು ಹೇಳಿದ್ರಂತ, ಇಲ್ಲಿ ಬಸುರಿ ಅದಾಳ, ವಿಚಾರಸ್ರಿ ಅಂತ. ಮೆಲ್ಲಕ ತಟ್ಟತಿದ್ರು. ನೀವ ಹೇಳಿದ್ರಲ್ಲ, ನಾ ತಗೀಲಿಲ್ಲ. ಅಕಿ ಒದರಬಾರ್ದಂತ ಅಕಿ ಬಾಯಿ ಮ್ಯಾಲ ಕೈ ಇಟ್ಟೆ. ಎರಡ ಸಲ ಇಟ್ಟೆ. ಮೂರನೇ ಸಲ ಅಕಿ ನನ್ನ ಕೈ ಕಚ್ಚಿದ್ಲು. ರಕ್ತಾ ಬರೂಹಂಗ ಕಚ್ಚಿ, ಒದರಿದ್ಲು. ಅವರು ಬಾಗಿಲಾ ಮುರದ ಒಳಗ ಬಂದ್ರು."

ಖತೀಜಾಬಿ ಗೋಡೆಗೆ ಒರಗಿದಳು. "ಅಕಿ ಕೈಯಾಗ ಫೋನ್ ಕೊಡು," ಎಂದಳು.

ಯಾರೋ ಚಪ್ಪಲಿ ಎಳೆದುಕೊಂಡು ನಡೆದ ಸದ್ದು, ಏನೋ ಯಂತ್ರದ ಟಿಕ್ ಟಿಕ್. ಆಮೇಲೆ ಆಸಿಫಾಳ ದನಿ ಬಂತು. ಸೊರಗಿತ್ತು, ಆದರೆ ಒಂದೊಂದು ಅಕ್ಷರವೂ ತಿಳಿಯುವಂತಿತ್ತು.

"ಬಾಯರು ಅಲ್ಲೇ ಅದಾರೇನ್ರಿ?"

"ಅದಾರವ್ವಾ."

"ಹಂಗಾರ ಇಬ್ರೂ ಕೇಳ್ರಿ. ಅವನ ಮ್ಯಾಲ ನನಗ ಸಿಟ್ಟಿಲ್ಲ. ನನ್ನ ಬಾಯಿ ಮ್ಯಾಲ ಇದ್ದ ಕೈ ಅವಂದಲ್ಲ."

ಫೋನ್ ಕಟ್ಟಾಯಿತು. ಅವಳೇ ಇಟ್ಟಳೋ, ಅದಾಗಿಯೇ ಕಟ್ಟಾಯಿತೋ ಗೊತ್ತಿಲ್ಲ. ಖತೀಜಾಬಿ ತನ್ನ ಎರಡೂ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡು ನೋಡುತ್ತ ಕುಳಿತಳು. ನಾನು ನನ್ನವನ್ನು ಸೆರಗಿನೊಳಗೆ ಸುತ್ತಿಕೊಂಡೆ. ಅಜಾನ್ ಕೂಗಿದಾಗ ಅವಳು ಏಳಲಿಲ್ಲ.