ಗೇಟು ಸರಿ, ಆರೋಗ್ಯ ಸರಿ

ಹದಿನಾಲ್ಕನೇ ಗೇಟು ಬಂತೆಂದರೆ ಸೆಗಾವಾ ಕಣ್ಣು ಮುಚ್ಚುತ್ತಿದ್ದ. ರೆಪ್ಪೆ ಬಡಿಯುವುದಲ್ಲ, ಕಹಿ ಮದ್ದು ಕುಡಿಯುವ ಮಗುವಿನ ಹಾಗೆ ಬಿಗಿಯಾಗಿ ಮುಚ್ಚುವುದು. ಮನೆಯಲ್ಲಿ ಕುಳಿತವನು ಎಷ್ಟು ಹೊತ್ತು ಮುಚ್ಚಿಕೊಂಡರೂ ಯಾರ ಗಂಟು ಹೋಗಬೇಕು? ಆದರೆ ಸೆಗಾವಾ ಕುಳಿತಿದ್ದು ಎರಡು ಬೋಗಿಯ ರೈಲಿನ ಚಾಲಕನ ಕುರ್ಚಿಯಲ್ಲಿ. ಅವನ ಬೆನ್ನ ಹಿಂದೆ ಹೈಸ್ಕೂಲಿನ ಮಕ್ಕಳು, ಮೀನು ಮಾರುಕಟ್ಟೆಗೆ ಹೊರಟ ಹೆಂಗಸರು, ಕಣ್ಣಾಸ್ಪತ್ರೆಗೆ ಹೊರಟ ಮುದುಕರು. ದಿನಕ್ಕೆ ಆರು ಸಲ ಆ ಗೇಟು ದಾಟಬೇಕು. ಮೊದಲ ವಾರ ಒಂದು ಸೆಕೆಂಡು ಮುಚ್ಚುತ್ತಿದ್ದ. ಈಗ ನಾಲ್ಕಾಗಿತ್ತು. ಮುಂದಿನ ತಿಂಗಳು ಎಷ್ಟಾಗುತ್ತದೋ!

ಜಪಾನಿನ ತೊಯಾಮಾದ ಕಡಲಂಚಿಗೆ ಓಡುವ ಆ ಸಣ್ಣ ರೈಲಿನಲ್ಲಿ ಅವನಿಗೆ ಇಪ್ಪತ್ತೆರಡು ವರ್ಷದ ಸರ್ವಿಸು. ಬಿಳಿ ಕೈಗವಸಿನ ಬೆರಳನ್ನು ಚಾಚಿ ತೋರಿಸುವುದು, ಗಟ್ಟಿಯಾಗಿ ಕೂಗುವುದು, ಆ ಕೆಲಸವೇ ಹಾಗೆ. ಸಿಗ್ನಲ್ ಕಂಡರೆ ಬೆರಳು ಚಾಚಿ "ಸಿಗ್ನಲ್ ಸರಿ!" ಬಾಗಿಲು ಮುಚ್ಚಿದರೆ "ಬಾಗಿಲು ಸರಿ!" ಗೇಟಿಗೆ ಮುಂಚೆ ಹಳಿಯ ಪಕ್ಕದ ಕಂಬದಲ್ಲೊಂದು ದೀಪ ಉಂಟು. ಗೇಟಿನ ಕೋಲು ಇಳಿದಿದ್ದರೆ ದೀಪ ಹತ್ತಿಕೊಂಡಿರುತ್ತದೆ. ಅದಕ್ಕೂ ಬೆರಳು ಚಾಚಿ "ಗೇಟು ಸರಿ!" ಕೇಳುವವರಿಲ್ಲದಿದ್ದರೂ ಕೂಗಬೇಕು. ಕೇಳುವವರಿದ್ದರೆ ಅವರು ಕೇಳಿಸಿಕೊಂಡ ಮಾತನ್ನು ಹಾಗೆಯೇ ತಿರುಗಿ ಹೇಳಬೇಕು. ತಿರುಗಿ ಹೇಳದ ಮಾತು ಆಡಿದ ಲೆಕ್ಕಕ್ಕೇ ಇಲ್ಲ.

ಐದು ವಾರದ ಹಿಂದಿನ ಆ ಬೆಳಿಗ್ಗೆಯೂ ಹದಿನಾಲ್ಕನೇ ಗೇಟಿನ ದೀಪ ಹತ್ತಿತ್ತು. ಸೆಗಾವಾ ಬೆರಳು ಚಾಚಿ "ಗೇಟು ಸರಿ!" ಎಂದು ಕೂಗಿದ್ದ. ಕೂಗು ಬಾಯಲ್ಲಿ ಇನ್ನೂ ಇರುವಾಗಲೇ, ಇಳಿದ ಕೋಲಿನ ಆಚೆಗಲ್ಲ, ಈಚೆಗೆ, ಹಳಿಯ ಮೇಲೆಯೇ ಒಬ್ಬ ಅಜ್ಜಿ ಕಂಡಳು. ಅವಳ ತಳ್ಳುಗಾಡಿಯ ಚಕ್ರ ಹಳಿಯ ಸಂದಿಗೆ ಸಿಕ್ಕಿಕೊಂಡಿತ್ತು. ಗಾಡಿ ಬಿಟ್ಟು ಓಡಿದ್ದರೆ ಬದುಕುತ್ತಿದ್ದಳು. ಬಿಡಲಿಲ್ಲ, ಬಗ್ಗಿ ಎಳೆಯುತ್ತಲೇ ಇದ್ದಳು. ಬ್ರೇಕು ಹಾಕಿದ, ಶಿಳ್ಳೆ ಹೊಡೆದ, ಮಾಡಬೇಕಾದ್ದೆಲ್ಲ ಮಾಡಿದ. ರೈಲು ನಿಂತದ್ದು ಗೇಟು ದಾಟಿ ತೊಂಬತ್ತು ಮೀಟರ್ ಆಚೆ. ಇಳಿದು ಹಿಂದಕ್ಕೆ ನಡೆದವನಿಗೆ ಮೊದಲು ಕಂಡದ್ದು ಹಳಿಗುಂಟ ಚೆಲ್ಲಿದ್ದ ಈರುಳ್ಳಿ ಸೊಪ್ಪು. ಅಂದಿನಿಂದ ಅವನ ಮನೆಯ ಮಿಸೊ ಸಾರಿಗೆ ಈರುಳ್ಳಿ ಸೊಪ್ಪು ಬೀಳಲಿಲ್ಲ.

ಚಾಲಕನ ತಪ್ಪಿಲ್ಲವೆಂದು ಕಂಪನಿ ಮೂರೇ ದಿನದಲ್ಲಿ ಬರೆದುಕೊಟ್ಟಿತು. ನಾಲ್ಕನೇ ದಿನ ಡ್ಯೂಟಿ.

ಡಾಕ್ಟರರ ಬಳಿ ಹೋಗಲಿಲ್ಲವೇ ಎಂದರೆ, ಹೋದ. ಒಬ್ಬರಲ್ಲ, ಮೂವರ ಬಳಿ ಹೋದ. ಮೊದಲನೆಯವರು ಕಂಪನಿಯವರೇ ಗೊತ್ತು ಮಾಡಿದವರು. ಕನ್ನಡಕದ ಮೇಲಿನಿಂದ ನೋಡಿ "ಹೇಗಿದೀರಿ?" ಎಂದರು. ಸೆಗಾವಾನ ಹಿಮ್ಮಡಿಗಳು ತಾವಾಗಿಯೇ ಜೋಡಿಸಿಕೊಂಡವು, ಬೆನ್ನು ನೆಟ್ಟಗಾಯಿತು, ಬಾಯಿ ಕೂಗಿಬಿಟ್ಟಿತು: "ಆರೋಗ್ಯ ಸರಿ! ಡ್ಯೂಟಿಗೆ ತೊಂದರೆಯಿಲ್ಲ!"

ಈ ಮಾತು ಅವನದಲ್ಲ, ಹಾಜರಿಯದು. ರೈಲು ಹತ್ತುವ ಮುಂಚೆ ಪ್ರತಿ ಚಾಲಕನೂ ಮೇಲ್ವಿಚಾರಕನ ಮೇಜಿನೆದುರು ನೆಟ್ಟಗೆ ನಿಂತು, ಉಸಿರಿನ ಯಂತ್ರಕ್ಕೆ ಊದಿ, ಇದನ್ನು ಹೇಳಿಯೇ ಹೊರಡಬೇಕು. ಇಪ್ಪತ್ತೆರಡು ವರ್ಷ ಹೇಳಿದ್ದಾನೆ. ಅವನ ಅಪ್ಪ ಸತ್ತ ಮೂರನೇ ದಿನವೂ ಹೇಳಿದ್ದ. "ಆರೋಗ್ಯ?" ಎಂದು ಕೇಳಿದರೆ ಬೇರೆ ಉತ್ತರವೂ ಇರಬಹುದೆಂದು ಆ ಬಾಯಿಗೆ ಗೊತ್ತೇ ಇರಲಿಲ್ಲ. ಡಾಕ್ಟರರು "ಭೇಷ್" ಎಂದು ಸೀಲು ಒತ್ತಿದರು.

ಎರಡನೆಯವರು ಮೂರು ನಿಮಿಷದ ಡಾಕ್ಟರು. ಹೊರಗೆ ಎರಡು ಗಂಟೆ ಕಾಯಿಸಿದ ಆ ಮಹಾನುಭಾವರು ಕಂಪ್ಯೂಟರಿನಿಂದ ಮುಖ ತಿರುಗಿಸದೆ ನಿದ್ದೆ ಮಾತ್ರೆ ಬರೆದರು. ನಿದ್ದೆ ಮಾತ್ರೆ ನುಂಗಿದವನು ರೈಲು ಓಡಿಸುವಂತಿಲ್ಲ ಎಂದು ಹೇಳಲು ಸೆಗಾವಾ ಬಾಯಿ ತೆರೆಯುವಷ್ಟರಲ್ಲಿ ಮುಂದಿನ ಹೆಸರು ಕರೆದಾಗಿತ್ತು. ಮೂರನೆಯವರು ಹಿರಿಯರು, ಬಾಯ್ತುಂಬ ಮಾತಾಡಿದರು. "ಗಂಡಸಲ್ವೇನ್ರೀ ನೀವು? ತಡ್ಕೊಳ್ಳಿ. ಕಾಲ ಎಲ್ಲಾ ಮರೆಸುತ್ತೆ. ನೋಡಿ, ನನ್ ಹೆಂಡ್ತಿ ಹೋದಾಗ ನಾನು ಗಾಲ್ಫ್ ಶುರು ಮಾಡ್ದೆ!" ಎಂದರು. ಸೆಗಾವಾ ಸೊಂಟ ಬಗ್ಗಿಸಿ ಕೃತಜ್ಞತೆ ಹೇಳಿ, ಕ್ಲಿನಿಕ್ಕಿನ ಹಿಂದಿನ ಸೈಕಲ್ ಸ್ಟ್ಯಾಂಡಿನಲ್ಲಿ ವಾಂತಿ ಮಾಡಿಕೊಂಡ.

ಮನೆಯಲ್ಲಿ ಅವನ ಹೆಂಡತಿ ಚಿಯೆ ಕಾಯುತ್ತಿದ್ದಳು. ಮೀನಿನ ಹಿಟ್ಟಿನ ಕಡುಬು ಮಾಡುವ ಕಾರ್ಖಾನೆಯಲ್ಲಿ ಅವಳಿಗೆ ಕೆಲಸ. ಬಾಯಿ ಜೋರು, ಕರುಳು ಮೆತ್ತಗೆ.

"ಏನಂದ್ರು ರೀ?"

"ತಡ್ಕೋಬೇಕಂತೆ."

"ನೀವೇನ್ ಹೇಳಿದ್ರಿ? ಅದ್ ಹೇಳಿ ಮೊದ್ಲು."

ಸೆಗಾವಾ ಚಪ್ಪಲಿ ಜೋಡಿಸುವ ನೆಪದಲ್ಲಿ ಬಗ್ಗಿದ. "ಆರೋಗ್ಯ ಸರಿ ಅಂದೆ."

"ಅಯ್ಯೋ, ನಿಮ್ ಬಾಯಿಗೆ ಮಣ್ಣು ಹಾಕ! ಸರಿ ಇದ್ದೋರು ಡಾಕ್ಟ್ರ ಹತ್ರ ಯಾಕ್ರೀ ಹೋಗ್ತಾರೆ, ಹರಟೆ ಹೊಡಿಯೋಕಾ? ನಿದ್ದೇಲಿ ಬೆರಳು ಚಾಚಿ ಕೂಗ್ತೀರಿ, ಪಕ್ಕದಲ್ಲಿ ಮಲಗೋಳಿಗೆ ಕಿವಿ ಇಲ್ವಾ? ಸರಿಯಂತೆ, ಸರಿ!" ಎಂದವಳು, ಸೆರಗಿಲ್ಲದ ಊರಿನ ಹೆಂಗಸು, ಏಪ್ರನ್ನಿನ ಅಂಚಿನಲ್ಲೇ ಕಣ್ಣೊರೆಸಿಕೊಂಡಳು.

ಕಣ್ಣು ಮುಚ್ಚುವ ಸಂಗತಿ ಅವಳಿಗೂ ಗೊತ್ತಿರಲಿಲ್ಲ. ಗೊತ್ತಿದ್ದರೆ ಬಾಗಿಲಿಗೆ ಅಡ್ಡ ಮಲಗುತ್ತಿದ್ದಳು. ಹೇಳಬೇಕೆಂದು ಅವನು ಪ್ರತಿದಿನ ಅಂದುಕೊಂಡ. ಹೇಳಿದರೆ ಗಾಡಿ ಕೈತಪ್ಪುತ್ತದೆ. ಚಾಲಕರೇ ಸಾಲದ ಕಂಪನಿ, ಅವನ ಪಾಳಿಯೂ ಉಳಿದವರ ತಲೆಗೆ ಬೀಳುತ್ತದೆ. ತನ್ನ ಭಾರ ಇನ್ನೊಬ್ಬರ ಮೇಲೆ ಹಾಕುವುದಕ್ಕಿಂತ ನಾಚಿಕೆ ಅವನಿಗೆ ಇನ್ನೊಂದಿರಲಿಲ್ಲ. ಅದಕ್ಕೇ ಬಾಯಿ ಹೊಲಿದುಕೊಂಡು ನಲವತ್ತು ಜನರನ್ನು ಕಣ್ಣು ಮುಚ್ಚಿ ಗೇಟು ದಾಟಿಸುತ್ತಿದ್ದ! ಇದಕ್ಕೆ ಏನೆನ್ನಬೇಕೋ ನನಗೆ ತಿಳಿಯದು. ಮರ್ಯಾದಸ್ಥ ಎನ್ನಲೂ ಆಗುವುದಿಲ್ಲ, ಪಾಪಿ ಎನ್ನಲೂ ನಾಲಿಗೆ ಏಳುವುದಿಲ್ಲ.

ಮನಸ್ಸಿನ ಡಾಕ್ಟರರಿಗೆ ಚಿಯೆಯೇ ಫೋನು ಹಚ್ಚಿದಳು. ಒಂದು ಕಡೆ ಹೊಸಬರು ಎಂಟು ವಾರ ಕಾಯಬೇಕು. ಇನ್ನೊಂದು ಕಡೆ ಹೊಸಬರೇ ಬೇಡ. ಮತ್ತೊಂದು ಕಡೆಯ ಹುಡುಗಿ "ಅರ್ಜೆಂಟಾ?" ಎಂದು ಕೇಳಿದಳು. ಚಿಯೆ ಫೋನು ಗಂಡನ ಕೈಗೆ ತುರುಕಿದಳು. ಅವನು ಕಾಣದ ಹುಡುಗಿಗೆ ತಲೆ ಬಗ್ಗಿಸಿ, "ಇಲ್ಲ ಇಲ್ಲ, ಅಂಥಾದ್ದೇನಿಲ್ಲ, ತೊಂದ್ರೆ ಕೊಟ್ಟೆ, ಕ್ಷಮಿಸಿ" ಎಂದು ಇಟ್ಟುಬಿಟ್ಟ. ಅಂದು ಚಿಯೆ ಬೈಯಲಿಲ್ಲ. ಬೈಯದಿದ್ದುದಕ್ಕೇ ಅವನಿಗೆ ಹೆಚ್ಚು ಹೆದರಿಕೆಯಾಯಿತು. ಎರಡು ದಿನದ ನಂತರ ಹದಿನಾಲ್ಕನೇ ಗೇಟಿನಲ್ಲಿ ಮುಚ್ಚಿದ ಕಣ್ಣು ತೆರೆದಾಗ ರೈಲು ಮುಂದಿನ ನಿಲ್ದಾಣದ ಪ್ಲಾಟ್‌ಫಾರ್ಮಿಗೆ ಬಂದುಬಿಟ್ಟಿತ್ತು. ಎಷ್ಟು ಸೆಕೆಂಡೆಂದು ಎಣಿಸಿರಲಿಲ್ಲ. ನಿಲ್ಲಿಸುವ ಗುರುತಿಗೆ ಒಂದು ಮೀಟರ್ ಆಚೆ ನಿಲ್ಲಿಸಿದ. ಯಾರೂ ಗಮನಿಸಲಿಲ್ಲ. ಒಬ್ಬ ಶಾಲೆಯ ಹುಡುಗಿ ಇಳಿಯುವಾಗ ದಿನದಂತೆ "ಥ್ಯಾಂಕ್ಸ್" ಎಂದಳು.

ಕಾರ್ಖಾನೆಯ ಗೆಳತಿಯೊಬ್ಬಳು ಚಿಯೆಗೆ ಹೇಳಿದ್ದು ಡಾಕ್ಟರ್ ನೊನಾಕಾ ಎಂಬ ಹೆಸರು. ಕ್ಷೌರದಂಗಡಿಯ ಮೇಲಿನ ಮಹಡಿ, ಅರವತ್ತು ದಾಟಿದ ಹೆಂಗಸು, ಯಾರೋ ಬರಲಾಗದೆ ಗುರುವಾರ ಮಧ್ಯಾಹ್ನದ ಹೊತ್ತು ಖಾಲಿಯಿತ್ತು. ಸೆಗಾವಾ ರಜೆ ಹಾಕದೆ, ವಾರದ ರಜೆಯಲ್ಲೇ ಹೋದ. ಒಳಗೆ ಕಾಲಿಟ್ಟ.

"ಹೇಗಿದೀರಿ, ಸೆಗಾವಾ-ಸಾನ್?"

ಹಿಮ್ಮಡಿ ಜೋಡಿಸಿಕೊಂಡವು. "ಆರೋಗ್ಯ ಸರಿ! ಡ್ಯೂಟಿಗೆ ತೊಂದರೆಯಿಲ್ಲ!"

ಡಾಕ್ಟರಮ್ಮ ಬರೆಯಲಿಲ್ಲ. ಪೆನ್ನು ಕೆಳಗಿಟ್ಟರು. "ಇದನ್ನ ದಿನಾ ಯಾರ ಹತ್ರ ಹೇಳ್ತೀರಿ?"

"ಮೇಲ್ವಿಚಾರಕರ ಹತ್ರ."

"ಅವರಿಲ್ಲಿಲ್ಲ. ಕೂತ್ಕೊಳ್ಳಿ."

ಕುಳಿತ. ಗೋಡೆ ಗಡಿಯಾರದಲ್ಲಿ ಮೂರು ನಿಮಿಷ ಕಳೆಯಿತು, ನಾಲ್ಕಾಯಿತು. ಮುಂದಿನ ಹೆಸರು ಕರೆದು ತನ್ನನ್ನು ಹೊರಗೆ ಕಳಿಸುತ್ತಾರೆಂದು ಅವನು ಬಾಗಿಲು ನೋಡಿದ. ಯಾರೂ ಬರಲಿಲ್ಲ. ಕೆಳಗೆ ಕ್ಷೌರಿಕ ಯಾರಿಗೋ ಬೇಸ್‌ಬಾಲ್ ವಿಷಯ ಒದರುತ್ತಿದ್ದ.

"ನಮ್ಮಪ್ಪ ಮೀನಿನ ದೋಣಿಯವನು, ನಂಗೆ ರೈಲು ಗೊತ್ತಿಲ್ಲ. ನೀವೀಗ ಡಿಪೋದಿಂದ ಗಾಡಿ ಹೊರಡಿಸಿ, ನಾನು ಪಕ್ಕದಲ್ಲಿ ಕೂತಿರ್ತೀನಿ. ದಿನಾ ಹ್ಯಾಗೆ ಕೂಗ್ತೀರೋ ಹಾಗೇ ಕೂಗಿ," ಎಂದು ಡಾಕ್ಟರಮ್ಮ ಕುರ್ಚಿಯನ್ನು ಅವನ ಪಕ್ಕಕ್ಕೆ ಎಳೆದುಕೊಂಡರು.

ನಾಚಿಕೊಂಡೇ ಬೆರಳು ಚಾಚಿದ. "ಸಿಗ್ನಲ್ ಸರಿ."

"ಸಿಗ್ನಲ್ ಸರಿ," ಎಂದರು ಡಾಕ್ಟರಮ್ಮ.

ಸೆಗಾವಾ ತಿರುಗಿ ನೋಡಿದ. ತಿರುಗಿ ಹೇಳಬೇಕೆಂದು ಇವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಬಾಗಿಲು ಸರಿ, ಬಾಗಿಲು ಸರಿ. ಒಂದನೇ ಗೇಟು, ಎರಡನೇ ಗೇಟು. ದನಿ ಏರುತ್ತಾ ಹೋಯಿತು. ಹನ್ನೆರಡು. ಹದಿಮೂರು. ಆಮೇಲೆ ಕೈ ಮೇಲೇಳಲಿಲ್ಲ. ಬಲಗೈಯನ್ನು ಎಡಗೈಯಿಂದ ಎತ್ತಲು ನೋಡಿದ, ಸೀಸದ ಹಾಗೆ ಭಾರವಾಗಿತ್ತು.

"ಸೆಗಾವಾ-ಸಾನ್, ಕಣ್ಣು ಮುಚ್ಕೊಂಡಿದೀರಿ."

"ದಿನಕ್ಕೆ ಆರು ಸಲ," ಎಂದ. ಒಮ್ಮೆ ಕಟ್ಟೆ ಒಡೆದ ಮೇಲೆ ಮಾತು ನಿಲ್ಲಲಿಲ್ಲ. "ಗಾಡಿ ಓಡ್ತಿರುವಾಗ್ಲೇ ಡಾಕ್ಟ್ರೇ. ಜನ ತುಂಬಿರುವಾಗ್ಲೇ. ತೆಗೀಬೇಕು ಅಂತೀನಿ, ಆಗಲ್ಲ. ಮೊನ್ನೆ ಸ್ಟೇಷನ್ನೇ ಬಂದ್ಬಿಟ್ಟಿತ್ತು. ಯಾರನ್ನೋ ಕೊಂದ್ಬಿಡ್ತೀನಿ. ಇನ್ನೊಬ್ರನ್ನ."

ಬೈಯುತ್ತಾರೆ, ಕಂಪನಿಗೆ ಫೋನು ಮಾಡುತ್ತಾರೆ ಎಂದು ಹೆಗಲು ಕುಗ್ಗಿಸಿ ಕಾದ.

"ಇನ್ನೊಬ್ರನ್ನ," ಎಂದು ಡಾಕ್ಟರಮ್ಮ ಮೆಲ್ಲಗೆ ತಿರುಗಿ ಹೇಳಿದರು. "ಹಾಗಾದ್ರೆ ಮೊದಲ್ನೇವ್ರನ್ನ ನೀವು ಕೊಂದ್ರಿ ಅಂತೀರಾ?"

"ಗೇಟು ಸರಿ ಅಂದೆನಲ್ಲ! ಆ ಅಜ್ಜಿ ಅಲ್ಲೇ ಇದ್ಲು. ನಾನು ಬೆರಳು ಚಾಚಿ ಸರಿ ಅಂದ್ಬಿಟ್ಟೆ."

"ಬೆರಳು ಚಾಚಿದ್ದು ಯಾವುದಕ್ಕೆ?"

"ದೀಪಕ್ಕೆ."

"ದೀಪ ಹತ್ತಿತ್ತಾ?"

"ಹತ್ತಿತ್ತು. ಅದೆಲ್ಲಾ ಕಂಪನಿಯವ್ರು ಆಡೋ ಮಾತು ಡಾಕ್ಟ್ರೇ." ಅವನು ಅಳತೊಡಗಿದ್ದ. ಐವತ್ತು ಹತ್ತಿರವಾದ ಗಂಡಸು, ಮೂಗು ಸೋರಿಸಿಕೊಂಡು ಅಳುತ್ತಿದ್ದ.

"ಹೌದು. ದೀಪದ ಮಾತಿಂದ ಇದು ಹೋಗಲ್ಲ," ಎಂದು ಅವರು ಒಪ್ಪಿಕೊಂಡರು. "ನಾನೇನು ಒಂದೇ ದಿನಕ್ಕೆ ತೆಗ್ದುಬಿಡ್ತೀನಿ ಅಂತ ಸುಳ್ಳು ಹೇಳಲ್ಲ. ಪ್ರತಿ ಗುರುವಾರ ಬನ್ನಿ, ಆ ಗೇಟಿನ ತನಕ ಇಬ್ರೂ ಹೋಗೋಣ. ಆದ್ರೆ ನಾಳೆ ನೀವು ಗಾಡಿ ಹತ್ತೋ ಹಾಗಿಲ್ಲ. ಕಾಗದ ಬರ್ಕೊಡ್ತೀನಿ."

"ಗಾಡಿ ಬಿಟ್ರೆ ನಂಗೇನೂ ಬರಲ್ಲ ಡಾಕ್ಟ್ರೇ. ಬೇರೆಯವ್ರ ಮುಖ ಹ್ಯಾಗೆ ನೋಡ್ಲಿ?"

"ಅದು ಕಷ್ಟಾನೇ. ಕಾಗದಾನ ಮೇಜಿನ ಮೇಲಿಟ್ಟು ಓಡಿಬಂದ್ರೂ ನಡಿಯುತ್ತೆ. ಬಾಯಲ್ಲಿ ಹೇಳಿದ್ರೆ ಒಳ್ಳೇದು. ಇಷ್ಟು ದಿನ ಸುಳ್ಳು ಹೇಳಿದ್ದು ಆ ಬಾಯೇ ಅಲ್ವಾ?"

ಶುಕ್ರವಾರ ಬೆಳಿಗ್ಗೆ ಆರೂ ಮುಕ್ಕಾಲಿಗೆ ಸೆಗಾವಾ ಮೇಜಿನೆದುರು ನಿಂತ. ಕಾಗದ ಒಳಜೇಬಿನಲ್ಲಿತ್ತು. ಕೈಗವಸು ಯಾಕೆ ಹಾಕಿಕೊಂಡನೋ, ಅಭ್ಯಾಸ. ಹಿಂದೆ ಇಬ್ಬರು ಚಾಲಕರು ಸರದಿಗೆ ಕಾಯುತ್ತಿದ್ದರು. ಮೇಲ್ವಿಚಾರಕ ಕುವಾಬಾರಾ ಅವನಿಗಿಂತ ಹತ್ತು ವರ್ಷ ಚಿಕ್ಕವನು, ಶಿಸ್ತಿನ ಪ್ರಾಣಿ. ಉಸಿರು ಊದಿಸಿದ. ಕೈಗಡಿಯಾರ ಸರಿ, ವೇಳಾಪಟ್ಟಿ ಸರಿ. ಪೆನ್ನು ಆಗಲೇ ಖಾನೆಯ ಮೇಲೆ ಇಳಿದಿತ್ತು.

"ಆರೋಗ್ಯ?"

ಹಿಮ್ಮಡಿ ಜೋಡಿಸಿಕೊಂಡವು. ಬೆನ್ನು ನೆಟ್ಟಗಾಯಿತು. ಬಾಯಿ ತೆರೆಯಿತು, ಮತ್ತು ಇಪ್ಪತ್ತೆರಡು ವರ್ಷದ ಮಾತು ನಾಲಿಗೆಯ ತುದಿಗೆ ಬಂದು ನಿಂತಿತು. ಸೆಗಾವಾ ಹಲ್ಲು ಕಚ್ಚಿದ. ಕಾಗದ ಇಟ್ಟು ಓಡಿಬಿಡಲೇ ಎಂದುಕೊಂಡ. ಆಗ, ನಿನ್ನೆ ಮೇಲೇಳದೆ ಹಟ ಮಾಡಿದ ಬಲಗೈ ಮೇಲೆದ್ದಿತು. ಬಿಳಿ ಬೆರಳು ಹಿಂದಕ್ಕೆ ತಿರುಗಿ ಅವನದೇ ಎದೆಯನ್ನು ತೋರಿಸಿತು.

"ಆರೋಗ್ಯ," ಎಂದು ಕೂಗಿದ, "ಸರಿಯಿಲ್ಲ!"

ಕುವಾಬಾರಾ ಅವನ ಬೆರಳನ್ನು ನೋಡಿದ, ಪುಸ್ತಕವನ್ನು ನೋಡಿದ. ಅಂಥ ಉತ್ತರಕ್ಕೆ ಮುಂದೇನು ಹೇಳಬೇಕೆಂದು ಅವನಿಗೆ ಯಾರೂ ಕಲಿಸಿರಲಿಲ್ಲ. ಆದರೆ ಕೇಳಿಸಿಕೊಂಡದ್ದನ್ನು ತಿರುಗಿ ಹೇಳಬೇಕೆಂಬುದನ್ನು ಕಲಿಸಿದ್ದರು. ಅವನು ಎದ್ದು ನಿಂತ.

"ಸೆಗಾವಾ-ಸಾನ್," ಎಂದ, "ಆರೋಗ್ಯ ಸರಿಯಿಲ್ಲ."

ಹಿಂದೆ ನಿಂತಿದ್ದವರಲ್ಲಿ ಒಬ್ಬ ಏನೂ ಕೇಳದೆ ಮುಂದೆ ಬಂದು, ಸೆಗಾವಾನ ಕೈಯಿಂದ ಆ ಪಾಳಿಯ ವೇಳಾಪಟ್ಟಿ ತೆಗೆದುಕೊಂಡ.