ಬಾರದ ಟ್ಯಾಂಕು

“ಎಡಕ್ಕೆ, ಎಡಕ್ಕೆ… ಸಾಕು. ಈಗ ನೆಟ್ಟಗೆ ಹೋಗು. ಮುಂದೆ ಮೆಟ್ಲು ಐತೆ, ಹತ್ತು,” ಎಂದ ಕಾಂತರಾಜು.

ಮೃತ್ಯುಂಜಯ ಹೆಬ್ಬೆರಳಿನಿಂದ ಕಂಟ್ರೋಲರಿನ ಗುಂಡಿಯನ್ನು ಮುಂದಕ್ಕೆ ತಳ್ಳಿದ. ಟೀವಿಯೊಳಗಿನ ಸಿಪಾಯಿ ಗೋಡೆಗೆ ಭುಜ ಉಜ್ಜಿಕೊಂಡು ತುಸು ದೂರ ಹೋಗಿ, ಮೆಟ್ಟಿಲು ಸಿಕ್ಕಿದ್ದೇ ಹತ್ತತೊಡಗಿದ. ಬೂಟಿನ ಸದ್ದು ಬದಲಾಯಿತು.

“ಮರದ ಮೆಟ್ಲಾ?”

“ಹೂಂ ಕಣೋ. ಮೇಲೊಬ್ಬ ಕಾಯ್ತಾ ಕುಂತವ್ನೆ. ಚೂರು ಬಲಕ್ಕೆ… ಇನ್ನೊಂಚೂರು… ಹೊಡಿ!”

ಗುಂಡಿನ ಸದ್ದಿಗೆ ಗೂಡಿನಲ್ಲಿದ್ದ ಸ್ಟೀಲ್ ಲೋಟಗಳು ಕಿಣಿಕಿಣಿ ಅಂದವು.

“ಬಿದ್ನಾ?”

“ಬಿದ್ದ.”

ಮೃತ್ಯುಂಜಯನ ಮುಖದಲ್ಲಿ ನಗು ಅರಳಿತು. ಆದರೆ ಅವನು ನಕ್ಕಿದ್ದು ಟೀವಿಯ ಕಡೆಗಲ್ಲ, ಅದರ ಪಕ್ಕದ ಕಿಟಕಿಯ ಕಡೆಗೆ. ಕಿಟಕಿಯ ಬೆಳಕು ಇನ್ನೂ ಅವನಿಗೆ ಮಬ್ಬಾಗಿ ಗೊತ್ತಾಗುತ್ತಿತ್ತು. ಮಿಕ್ಕಿದ್ದೆಲ್ಲ ಹೋಗಿತ್ತು.

ಸಕ್ಕರೆ ಕಾಯಿಲೆ ಕಣ್ಣಿನೊಳಗಿನ ರಕ್ತನಾಳ ಒಡೆಸಿದ್ದು ಅವನಿಗೆ ಮೊದಮೊದಲು ತಿಳಿಯಲೇ ಇಲ್ಲ. ಅಜ್ಜಂಪುರದ ತನ್ನ ಈರುಳ್ಳಿ ಮಂಡಿಯಲ್ಲಿ ಕೂತು, ದೂಳಿಗೆ ಕಣ್ಣು ಮಂಜಾಗಿದೆ ಅಂದುಕೊಂಡು ಉಜ್ಜಿಕೊಂಡೇ ದಿನ ತಳ್ಳಿದ. ಬಲಗಣ್ಣು ಪೂರ್ತಿ ಹೋದ ಮೇಲೆ ಶಿವಮೊಗ್ಗಕ್ಕೆ ಓಡಾಟ ಶುರುವಾಯಿತು. ಎಡಗಣ್ಣಿಗೆ ಇಂಜೆಕ್ಷನ್ ಮೇಲೆ ಇಂಜೆಕ್ಷನ್. ಈಗ ಮಂಡಿಯನ್ನು ಹೆಂಡತಿ ಅಶ್ವಿನಿ ನೋಡಿಕೊಳ್ಳುತ್ತಿದ್ದಳು. ಅವನು ಈ ಕೋಣೆ ಬಿಟ್ಟು ಹೊರಗೆ ಬರುತ್ತಿರಲಿಲ್ಲ. ಬೀದಿಯಲ್ಲಿ ಜನ ತನ್ನ ಕೈ ಹಿಡಿದು ದಾಟಿಸುವುದನ್ನು ನೆನೆದರೇ ಅವನಿಗೆ ಮೈ ಉರಿಯುತ್ತಿತ್ತು.

ಕಾಂತರಾಜು ಕಡೂರು ಡಿಪೋದಲ್ಲಿ ಕಂಡಕ್ಟರ್. ಇಬ್ಬರೂ ಕಡೂರಿನ ಜೂನಿಯರ್ ಕಾಲೇಜಿನಲ್ಲಿ ಒಟ್ಟಿಗೆ ಓದಿದವರು. ಓದಿದ್ದಕ್ಕಿಂತ ಹೆಚ್ಚಾಗಿ ಬಸ್‌ಸ್ಟ್ಯಾಂಡಿನ ಹಿಂದೆ ತಿಮ್ಮೇಶ ಎಂಬವನು ಇಟ್ಟಿದ್ದ ವೀಡಿಯೋ ಗೇಮ್ ಅಂಗಡಿಯಲ್ಲಿ ಒಂದೇ ಬೆಂಚಿನ ಮೇಲೆ ಭುಜಕ್ಕೆ ಭುಜ ತಾಗಿಸಿ ಕೂತವರು. ಅಂಗಡಿಯಲ್ಲಿ ಒಂದೇ ಬೆಂಚು. ಮನೆಯ ಮಾತು ಬೇರೆ. ಆಗೆಲ್ಲ ಕಾಂತರಾಜು ಅಜ್ಜಂಪುರಕ್ಕೆ ಬಂದರೆ ಜಗಲಿಯಲ್ಲೇ ಕೂರಬೇಕಿತ್ತು. ಮೃತ್ಯುಂಜಯನ ತಾಯಿ ದಾಕ್ಷಾಯಣಮ್ಮ ಬೇರೆ ಲೋಟದಲ್ಲಿ ಕಾಫಿ ತಂದು ಜಗಲಿಯ ಅಂಚಿಗೆ ಇಟ್ಟು ಹೋಗುತ್ತಿದ್ದರು. ಮೃತ್ಯುಂಜಯ ಏನೂ ಅನ್ನುತ್ತಿರಲಿಲ್ಲ, ತಾನೂ ಬಂದು ಜಗಲಿಯಲ್ಲೇ ಕೂತುಬಿಡುತ್ತಿದ್ದ. ಈ ಬೇಸಗೆಯಲ್ಲಿ ಸುದ್ದಿ ಕೇಳಿ ಕಾಂತರಾಜು ನೋಡಲು ಬಂದಾಗ ಅದೇ ದಾಕ್ಷಾಯಣಮ್ಮ ಬಾಗಿಲಲ್ಲಿ ನಿಂತು, “ಒಳಗೋಗಪ್ಪಾ ಕಾಂತ. ಅವನು ಎದ್ದು ಈಚೆಗೆ ಬರಲ್ಲ,” ಅಂದರು. ಕಾಂತರಾಜು ಹೊಸಿಲು ದಾಟಿದ. ಎಷ್ಟೋ ವರ್ಷ ಒಳಗೊಳಗೇ ಬಯಸಿದ್ದ ಹೆಜ್ಜೆ ಅದು. ದಾಟಿದಾಗ ಖುಷಿಯೇನೂ ಆಗಲಿಲ್ಲ.

ಮೃತ್ಯುಂಜಯನ ಅಣ್ಣನ ಮಗ ಸುದೀಪ್ ದಾವಣಗೆರೆಯ ಹಾಸ್ಟೆಲಿಗೆ ಹೋಗುವಾಗ ಬಿಟ್ಟುಹೋಗಿದ್ದ ಗೇಮಿನ ಪೆಟ್ಟಿಗೆ ಅದೇ ಕೋಣೆಯಲ್ಲಿ ದೂಳು ಹಿಡಿದು ಕೂತಿತ್ತು. ಏನು ಮಾತಾಡಬೇಕೋ ತಿಳಿಯದೆ ಕಾಂತರಾಜು ಅದನ್ನು ಹಾಕಿದ. ಹಿಮ ಸುರಿಯುವ ಯಾವುದೋ ದೇಶದ ಯುದ್ಧ, ಶತ್ರು ಸೇನೆಯ ಜನರಲ್‌ನನ್ನು ಬೆನ್ನಟ್ಟುವ ಬಂದೂಕಿನ ಆಟ. ಸ್ವಲ್ಪ ಹೊತ್ತಿಗೆ ಮೃತ್ಯುಂಜಯ ಕೈ ಚಾಚಿದ: “ಕೊಡಿಲ್ಲಿ. ನೀನು ನೋಡ್ತಾ ಹೇಳು, ನಾನು ಹೊಡೀತೀನಿ.” ಅಂದಿನಿಂದ ಕಾಂತರಾಜುವಿನ ರಜೆಯ ದಿನಗಳೆಲ್ಲ ಈ ಕೋಣೆಗೇ ಮೀಸಲಾದವು. ಯಗಟಿ ಬಸ್ಸಿನಲ್ಲಿ ಊರೂರಿನ ಹೆಸರು ಕೂಗಿ ಪಳಗಿದ ಗಂಟಲು ಇಲ್ಲಿ ಗೋಡೆ, ಹಳ್ಳ, ಬಾಗಿಲು ಎಂದು ಕೂಗುತ್ತಿತ್ತು. ಸಿಪಾಯಿ ಮತ್ತೆ ಮತ್ತೆ ಸಾಯುತ್ತಿದ್ದ. “ಸತ್ತೆ,” ಅನ್ನುತ್ತಿದ್ದ ಕಾಂತರಾಜು. “ತಿರ್ಗಾ ಹಾಕು,” ಅನ್ನುತ್ತಿದ್ದ ಮೃತ್ಯುಂಜಯ.

ಇವತ್ತು ಬರುವಾಗ ಅಶ್ವಿನಿ ಬಾಗಿಲಲ್ಲೇ ಕಾಂತರಾಜುವನ್ನು ತಡೆದಿದ್ದಳು.

“ಬೆಳಿಗ್ಗೆ ಡಾಕ್ಟ್ರು ಫೋನ್ ಮಾಡಿದ್ರು ಅಣ್ಣ,” ಎಂದು ಪಿಸುಗುಟ್ಟಿದಳು. “ಇನ್ನು ಇಂಜೆಕ್ಷನ್ ಕೊಟ್ಟು ಉಪಯೋಗ ಇಲ್ವಂತೆ. ಎಡಗಣ್ಣೂ ಬರಲ್ವಂತೆ. ಇವ್ರಿಗೆ ಹೇಳಿಲ್ಲ. ಹಬ್ಬ ಕಳೀಲಿ ಅಂತಿದೀನಿ. ನೀವೂ ಬಾಯಿ ಬಿಡ್ಬೇಡಿ.”

“ಆಯ್ತಮ್ಮ,” ಎಂದು ಒಳಗೆ ಬಂದಿದ್ದ. ಆಟ ಶುರುವಾದಂದಿನಿಂದಲೂ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತ ಬಂದವನಿಗೆ ಇವತ್ತು ‘ಎಡಕ್ಕೆ’ ಅನ್ನುವಾಗಲೂ ಆ ಎಡಗಣ್ಣಿನ ಮಾತೇ ನೆನಪಾಗುತ್ತಿತ್ತು.

ಮೆಟ್ಟಿಲ ತುದಿಯಲ್ಲಿ ಉದ್ದನೆಯ ಪಡಸಾಲೆ. ಅದರ ಕೊನೆಗೆ ಮುಚ್ಚಿದ ಬಾಗಿಲು.

“ಇದೇ ಕೊನೇದು ಅನ್ಸುತ್ತೆ ಕಣೋ. ಜನರಲ್ಲು ಈ ಬಾಗ್ಲ ಹಿಂದೆ ಅವ್ನೆ,” ಎಂದ ಕಾಂತರಾಜು.

“ತಡಿ ಹಂಗಾರೆ. ಕೈ ಬೆವ್ರೈತೆ.” ಮೃತ್ಯುಂಜಯ ಪಂಚೆಗೆ ಅಂಗೈ ಒರೆಸಿಕೊಂಡ. “ಏನ್ ಬತ್ತೈತೆ ಅಂತೀಯ?”

“ನೀನೇ ಹೇಳು.”

“ದೊಡ್ಡದೇ ಬರ್ಬೇಕು. ಇಷ್ಟು ತಿಂಗ್ಳು ಆಡ್ಸಿ ಸಣ್ಣದು ಕೊಡ್ತಾರಾ? ತಿಮ್ಮೇಶನ ಅಂಗ್ಡೀಲಿ ಆ ಕಾಡಿನ ಆಟ ನೆನಪೈತಾ? ಕೊನೇಗೆ ಗೋಡೆ ತುಂಬ ಫಿರಂಗಿ. ಅದನ್ನ ಒಡುದ್ರೆ ಇಡೀ ದ್ವೀಪನೇ ಸಿಡಿದೋಗೋದು. ನಾವು ಹೆಲಿಕಾಪ್ಟರ್‌ನಲ್ಲಿ ಮೇಲೆ!”

“ಆಮೇಲೆ ತಪ್ಪುತಪ್ಪು ಇಂಗ್ಲಿಷಲ್ಲಿ ಶಭಾಷ್ ಅಂತ ಬರೆಯೋರು.”

“ತಪ್ಪೋ ಸರಿನೋ, ಶಭಾಷ್ ಅಂತಿದ್ರಲ್ಲೋ.”

“ಅಂದ್ಬಿಟ್ಟು ತಿರ್ಗಾ ಮೊದ್ಲಿಂದ ಶುರು ಮಾಡ್ಸೋರು. ಅದೇ ಕಾಡು, ಅದೇ ಸೇತುವೆ. ಗುಂಡು ಮಾತ್ರ ಇನ್ನೂ ಜೋರು. ಅದನ್ನ ಮರ್ತೆ ನೀನು.”

“ಅದೂ ಒಳ್ಳೇದೇ ಅಲ್ವೇನೋ? ಮೊದ್ಲಿಂದ ಶುರುವಾಗೋದು!” ಮೃತ್ಯುಂಜಯ ಮತ್ತೆ ಕೇಳಿದ, “ಆ ಬೀದಿ ಜಗಳದ ಆಟ? ಇಬ್ರೂ ಸೇರಿ ಎಲ್ರನ್ನೂ ಹೊಡೆದ್ಮೇಲೆ ಕೊನೇಗೆ ನಮ್ ನಮ್ಮೊಳಗೇ ಹೊಡೆದಾಡಿ ಅಂತಿತ್ತಲ್ಲ?”

ಕಾಂತರಾಜುವಿಗೆ ನಗು ಬಂತು. “ಇಬ್ರೂ ಕೈಬಿಟ್ಟು ಕುಂತ್ವಿ.”

“ಟೈಮ್ ಮುಗುದು ಇಬ್ರೂ ಸತ್ವಿ. ‘ಥೂ, ದಂಡಪಿಂಡಗಳಾ, ಗೆಲ್ಲೋ ಆಟನ ಹಾಳ್ಮಾಡುದ್ರಲ್ಲೋ’ ಅಂತ ತಿಮ್ಮೇಶ ಬೈದಿದ್ದು!” ಮೃತ್ಯುಂಜಯ ತೊಡೆ ತಟ್ಟಿಕೊಂಡು ನಕ್ಕ. ನಕ್ಕು ಮುಗಿಸಿ ಬೆನ್ನು ನೆಟ್ಟಗೆ ಮಾಡಿದ. “ನಡಿ. ಬಾಗ್ಲು ತಗಿಯಣ.”

ಬಾಗಿಲು ತೆರೆಯಿತು.

ಒಳಗೆ ಶಾಲೆಯ ಕೊಠಡಿ. ಗೋಡೆಯ ಮೇಲೆ ಅರ್ಧ ಅಳಿಸಿದ ಕಪ್ಪು ಹಲಗೆ. ಬೆಂಚುಗಳನ್ನು ಮುರಿದು ಒಲೆಗೆ ಹಾಕಿದ್ದರು. ಆಟದ ಉದ್ದಕ್ಕೂ ಇವರು ಅಟ್ಟಿಸಿಕೊಂಡು ಬಂದಿದ್ದ ಜನರಲ್ಲು ಒಲೆಯ ಮುಂದೆ ಕಂಬಳಿ ಹೊದ್ದು ಕೂತಿದ್ದ. ಹಣ್ಣುಹಣ್ಣು ಮುದುಕ. ಕೈಯಲ್ಲಿ ಬಂದೂಕಿಲ್ಲ. ಬಾಗಿಲ ಸದ್ದಿಗೆ ತಿರುಗಿಯೂ ನೋಡಲಿಲ್ಲ. ಪರದೆಯ ಕೆಳಗಡೆ ಇಂಗ್ಲಿಷಿನಲ್ಲಿ ಒಂದು ಸಾಲು: ಬಂದೂಕು ಕೆಳಗಿಡಲು ಈ ಗುಂಡಿ ಒತ್ತಿ.

ಕಾಂತರಾಜು ಪಕ್ಕಕ್ಕೆ ತಿರುಗಿದ. ಮೃತ್ಯುಂಜಯ ಮುಂದಕ್ಕೆ ಬಾಗಿ, ಬೆರಳುಗಳನ್ನು ಗುಂಡಿಗಳ ಮೇಲಿಟ್ಟು, ಬಾಯಿ ಅರೆತೆರೆದು ಕಾಯುತ್ತಿದ್ದ. ಆ ಮುಖಕ್ಕೆ ಕಂಬಳಿ ಹೊದ್ದ ಮುದುಕನ ಸುದ್ದಿ ಹೇಳಲು ಕಾಂತರಾಜುವಿಗೆ ನಾಲಿಗೆ ಏಳಲಿಲ್ಲ.

“ಟ್ಯಾಂಕ್ ಬಂತು ಕಣೋ,” ಎಂದುಬಿಟ್ಟ. “ಅಬ್ಬಾ, ಏನ್ ಟ್ಯಾಂಕು! ಮನೆ ಗಾತ್ರ ಐತೆ. ನೆಟ್ಟಗೆ ನಮ್ ಕಡೆಗೇ ಬತ್ತೈತೆ. ನೀನು—”

“ಸುಮ್ನಿರು.”

ಮೃತ್ಯುಂಜಯ ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿದ. ಟೀವಿಯಿಂದ ಕಟ್ಟಿಗೆ ಚಟಪಟ ಉರಿಯುವ ಸದ್ದು ಬರುತ್ತಿತ್ತು, ಎಲ್ಲೋ ದೂರದಲ್ಲಿ ಗಾಳಿ. ಆಮೇಲೆ ಒಂದು ಕೆಮ್ಮು.

“ಟ್ಯಾಂಕಿಗೆ ಕೆಮ್ಮು ಬಂತೇನೋ?”

ಮೃತ್ಯುಂಜಯ ಕಂಟ್ರೋಲರನ್ನು ತೊಡೆಯ ಮೇಲಿಟ್ಟ. “ಮನೇಲಿ ಎಲ್ರೂ ಹಿಂಗೇ ಆಗವ್ರೆ. ಅವ್ವ, ಮೊಕದಾಗೆ ಕಳೆ ಬಂದೈತೆ ಅಂತಾಳೆ. ಅಶ್ವಿನಿ, ಮುಂದಿನ ಇಂಜೆಕ್ಷನ್‌ಗೆ ಸರಿಹೋಗುತ್ತೆ ಅಂತಾಳೆ. ನೀನೊಬ್ನು ಹಳ್ಳ ಇದ್ರೆ ಹಳ್ಳ ಅಂತಿದ್ದೆ, ಸತ್ರೆ ಸತ್ತೆ ಅಂತಿದ್ದೆ. ಅದಕ್ಕೇ ಅಲ್ವೇನೋ ನೀನು ಬರೋ ದಿನ ಕಾಯೋದು ನಾನು? ಇವತ್ತು ನೀನೂ ಶುರು ಹಚ್ಕಂಡ್ಯಾ?”

ಅವನ ದನಿ ಏರಿರಲಿಲ್ಲ. ಏರಿದ್ದರೆ ಕಾಂತರಾಜುವಿಗೆ ತಡೆದುಕೊಳ್ಳುವುದು ಸುಲಭವಾಗುತ್ತಿತ್ತು.

“ಟ್ಯಾಂಕಿಲ್ಲ,” ಎಂದ. “ಸ್ಕೂಲ್ ರೂಮು. ಒಲೆ ಮುಂದೆ ಒಬ್ಬ ಮುದುಕ ಕಂಬ್ಳಿ ಹೊದ್ಕಂಡು ಕುಂತವ್ನೆ. ಅವನೇ ಜನರಲ್ಲು. ಕೈಲಿ ಏನೂ ಇಲ್ಲ. ಬಂದೂಕ ಕೆಳಗಿಡಕ್ಕೆ ಒಂದು ಗುಂಡಿ ತೋರುಸ್ತೈತೆ. ಇನ್ನೇನೂ ಇಲ್ಲ.”

“ಬಾಗ್ಲಲ್ಲಿ ಅಶ್ವಿನಿ ಏನೋ ಪಿಸುಗುಟ್ಟುದ್ಲಲ್ಲ ನಿಂಗೆ. ಏನದು?”

ಕಾಂತರಾಜು ತಲೆಯೆತ್ತಿದ. ಕಾಫಿ ತಟ್ಟೆ ಹಿಡಿದು ಅಶ್ವಿನಿ ಕೋಣೆಯ ಬಾಗಿಲಿಗೆ ಬಂದು ಯಾವಾಗಲೋ ನಿಂತಿದ್ದಳು. ಬೇಡ ಎಂಬಂತೆ ತಲೆಯಾಡಿಸಿದಳು. ಅವನು ಅವಳನ್ನೇ ನೋಡಿದ, ಆಮೇಲೆ ಗೆಳೆಯನನ್ನು ನೋಡಿದ.

“ಅವ್ರನ್ನೇ ಕೇಳು,” ಎಂದ. “ಇಲ್ಲೇ ಬಾಗ್ಲಲ್ಲಿ ನಿಂತವ್ರೆ. ಅಳ್ತಾವ್ರೆ.”

ಅಶ್ವಿನಿ ತಟ್ಟೆಯನ್ನು ಗೂಡಿನಲ್ಲಿಟ್ಟು ಬಂದು ಗಂಡನ ಕಾಲ ಬಳಿ ನೆಲದ ಮೇಲೆ ಕೂತಳು. ಸ್ವಲ್ಪ ಹೊತ್ತು ಸೆರಗಿನ ತುದಿಯನ್ನು ಸುತ್ತುತ್ತ ಬಿಚ್ಚುತ್ತ ಇದ್ದು, ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದಳು. ಒಂದು ಮಾತನ್ನೂ ಮೆತ್ತಗೆ ಮಾಡಲಿಲ್ಲ.

“ಎರಡೂನಾ?” ಎಂದ ಮೃತ್ಯುಂಜಯ.

“ಹೂಂ.”

“ಈ ಕಿಟಕಿ ಬೆಳಕು?”

“ಅದೂ ಹೋಗ್ಬೋದಂತೆ. ಗೊತ್ತಿಲ್ವಂತೆ.”

ಅವನು ಕಿಟಕಿಯ ಕಡೆ ಮುಖ ಮಾಡಿ ಕೂತ. ಅವನ ಕೈ ಹುಡುಕುತ್ತ ಹೋಗಿ ಹೆಂಡತಿಯ ತಲೆಯ ಮೇಲೆ ನಿಂತಿತು. ಕಾಂತರಾಜು ಎದ್ದು ಹೊರಗೆ ಹೋಗಬೇಕೆಂದುಕೊಂಡ. ಆದರೆ ಮಂಚ ಕಿರುಗುಟ್ಟಿ ಸದ್ದಾದೀತು ಎಂದು ಕೂತಲ್ಲೇ ಕೂತ. ಟೀವಿಯಲ್ಲಿ ಕಟ್ಟಿಗೆ ಉರಿಯುತ್ತಲೇ ಇತ್ತು.

ಬಹಳ ಹೊತ್ತಿನ ಮೇಲೆ ಮೃತ್ಯುಂಜಯ ಕೇಳಿದ, “ಆ ಮುದುಕ ಇನ್ನೂ ಕುಂತವ್ನಾ?”

“ಕುಂತವ್ನೆ. ನೀನು ಏನೂ ಮಾಡ್ದಿದ್ರೆ ಅವನೂ ಏನೂ ಮಾಡಲ್ಲ.”

“ಹೊಡೆದ್ರೆ?”

“ಬೀಳ್ತಾನೆ ಅನ್ಸುತ್ತೆ.”

ಮೃತ್ಯುಂಜಯ ಕಂಟ್ರೋಲರ್ ಎತ್ತಿಕೊಂಡ. ತೋರುಬೆರಳು ಗುಂಡು ಹಾರಿಸುವ ಗುಂಡಿಯ ಮೇಲೆ ಕೂತಿತು. ಅಲ್ಲೇ ಇತ್ತು. ಕಾಂತರಾಜು ಹೊಡಿ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ.

“ಕೆಳಗಿಡಕ್ಕೆ ಯಾವ ಗುಂಡಿ?”

ಕಾಂತರಾಜು ಅವನ ಹೆಬ್ಬೆರಳನ್ನು ಹಿಡಿದು ಅದರ ಮೇಲಿಟ್ಟ. ಬಂದೂಕು ಹಲಗೆಯ ನೆಲಕ್ಕೆ ಬಿದ್ದ ಸದ್ದು ಕೇಳಿತು. ಕೊಠಡಿಯ ಇನ್ನೊಂದು ಬಾಗಿಲು ತೆರೆದುಕೊಂಡಿತು, ಆಚೆ ಬರೀ ಹಿಮ. ಸಂಗೀತವಿಲ್ಲ, ಗುಂಡಿಲ್ಲ. ಮೃತ್ಯುಂಜಯ ಸಿಪಾಯಿಯನ್ನು ನಡೆಸಿದ. ಗೋಡೆಯೂ ಇಲ್ಲ, ಹಳ್ಳವೂ ಇಲ್ಲ, ಹೇಳುವಂಥದ್ದೇನೂ ಇರಲಿಲ್ಲವಾದ್ದರಿಂದ ಕಾಂತರಾಜು ಸುಮ್ಮನಾದ. ಬೂಟು ಹಿಮದಲ್ಲಿ ಹೂತು ಎದ್ದು ಹೂತು ಏಳುವ ಸದ್ದನ್ನು ಮೂವರೂ ಕೇಳುತ್ತ ಕೂತರು. ಮೆಲ್ಲಗೆ ಅದೂ ನಿಂತಿತು.

“ಮುಗೀತಾ?”

“ಮುಗೀತು.”

“ಶಭಾಷ್ ಅಂತ ಬರ್ದವ್ರಾ?”

“ಇಲ್ಲ. ಏನೂ ಬರ್ದಿಲ್ಲ. ಪೂರ್ತಿ ಕಪ್ಪಗೈತೆ.”

“ನಂಗೂ ಹಂಗೇ ಕಾಣ್ತೈತೆ,” ಎಂದ ಮೃತ್ಯುಂಜಯ.

ಅಶ್ವಿನಿ ಬೆಚ್ಚಿ ತಲೆಯೆತ್ತಿದಳು. ಗಂಡನ ತುಟಿ ವಾರೆಯಾಗಿದ್ದನ್ನು ಕಂಡು, ಅಳುತ್ತಿದ್ದವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕುಬಿಟ್ಟಳು. “ಥೂ, ನಿಮ್ಮ,” ಎಂದು ಅವನ ಮೊಣಕಾಲಿಗೆ ಹೊಡೆದಳು. ಒಳಗಿನಿಂದ ದಾಕ್ಷಾಯಣಮ್ಮ, “ಏನ್ರೋ ಅದು?” ಎಂದು ಕೂಗಿದರು.

ತಣ್ಣಗಾದ ಕಾಫಿ ಕುಡಿಯುತ್ತ ಮೃತ್ಯುಂಜಯ, “ಹಳೇವೇ ಚೆನ್ನಾಗಿದ್ವು ಬಿಡು,” ಎಂದ. ಲೋಟವನ್ನು ಅಂಗೈಯಲ್ಲಿ ತಿರುಗಿಸುತ್ತ ಮತ್ತೆ ಅಂದ, “ಆದ್ರೆ ಯಾವ ಆಟನೂ ಕೊನೇಲಿ ನಮ್ಮನ್ನ ಹಿಂಗೆ ನಡೆಸಿರ್ಲಿಲ್ಲ.”

“ನಡೆಸಿರ್ಲಿಲ್ಲ,” ಎಂದ ಕಾಂತರಾಜು.

ಬೀರೂರು ಕಡೆಯ ಬಸ್ಸಿಗೆ ಹೊತ್ತಾಗಿತ್ತು. ಕಾಂತರಾಜು ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಾಗ ಹಿಂದೆ ಗೋಡೆ ತಡವುವ ಸದ್ದಾಯಿತು. ಮೃತ್ಯುಂಜಯ ಜಗಲಿಗೆ ಬಂದಿದ್ದ. ಮೇಲೊಂದು ಅಂಗಿ ಹಾಕಿಕೊಂಡಿದ್ದ, ಗುಂಡಿಗಳು ಒಂದು ಕಾಜಾ ತಪ್ಪಿ ಕೂತಿದ್ದವು.

“ಸ್ಟ್ಯಾಂಡ್ ತನಕ ಬತ್ತೀನಿ ನಡಿ. ವಾಪಸ್ ಬರಕ್ಕೆ ಅಶ್ವಿನಿ ಬತ್ತಾಳೆ.”

ಕಾಂತರಾಜು ಅವನ ಕೈಯನ್ನು ತನ್ನ ಭುಜದ ಮೇಲಿಟ್ಟುಕೊಂಡ. ಅಶ್ವಿನಿ ನಾಲ್ಕು ಹೆಜ್ಜೆ ಹಿಂದೆ ಬಂದಳು. ಬೀದಿಯಲ್ಲಿ ಒಬ್ಬರಿಬ್ಬರು ನಿಂತು ನೋಡಿದರು. “ಎಡಕ್ಕೆ ಚರಂಡಿ ಐತೆ,” ಎಂದು ಕಾಂತರಾಜು ಶುರು ಮಾಡಿದ. “ಗೊತ್ತು ಬಿಡೋ, ನಾನು ಹುಟ್ಟಿದ್ ಬೀದಿ,” ಎಂದ ಮೃತ್ಯುಂಜಯ. ಭುಜದ ಮೇಲಿನ ಹಿಡಿತ ಮಾತ್ರ ಬಿಗಿಯಾಗಿಯೇ ಇತ್ತು.

ತಿರುವಿನಲ್ಲಿ ಎದುರಿನಿಂದ ಕುರಿಯ ಮಂದೆ ಬಂತು. ಸಂಜೆಯ ಬಿಸಿಲಿನಲ್ಲಿ ಬೀದಿಯ ಈ ಗೋಡೆಯಿಂದ ಆ ಗೋಡೆಗೆ ತುಂಬಿಕೊಂಡು, ದೂಳೆಬ್ಬಿಸುತ್ತ ಬರುತ್ತಿತ್ತು.

“ಕುರಿ ಬತ್ತಾವೆ. ಪಕ್ಕಕ್ಕೆ ಬಾ,” ಎಂದ ಕಾಂತರಾಜು.

ಮೃತ್ಯುಂಜಯ ಭುಜ ಬಿಟ್ಟ. ಪಕ್ಕಕ್ಕೆ ಸರಿಯಲಿಲ್ಲ. ನಡುಬೀದಿಯಲ್ಲಿ ಹಾಗೇ ನಿಂತ. ಮಂದೆ ಅವನ ಹತ್ತಿರ ಬಂದು ಎರಡಾಗಿ ಒಡೆದು, ಮೊಣಕಾಲಿಗೆ ಉಜ್ಜಿಕೊಂಡು, ಎರಡೂ ಬದಿಯಲ್ಲಿ ಹರಿಯತೊಡಗಿತು. ಅವನು ತುಸು ಬಾಗಿ ಎರಡೂ ಕೈಗಳನ್ನು ಇಳಿಬಿಟ್ಟ. ಉಣ್ಣೆಯ ಬೆನ್ನುಗಳು ಒಂದರ ಹಿಂದೊಂದು ಅವನ ಬೆರಳುಗಳ ಕೆಳಗೆ ಹಾದುಹೋಗುತ್ತಿದ್ದವು.